ಟೇಪ್ ಓಡಿಸೋ ಹುಡುಗ

ಜಾನ್ ಲೆಕಿ ಅಂದ್ರೆ ಯಾರು ಅಂತ ಕೇಳಿದರೆ ನಮ್ಮಲ್ಲಿ ಎಷ್ಟು ಜನ ಹೇಳ್ತೀವಿ? ಪಿಂಕ್ ಫ್ಲಾಯ್ಡ್ ಗೊತ್ತು, ರೇಡಿಯೊಹೆಡ್ ಗೊತ್ತು. ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ ಒಂದು ವರ್ಷ ಕಳೆದವರಿಗೆಲ್ಲ ಗೊತ್ತು. (ಪಿಂಕ್ ಫ್ಲಾಯ್ಡ್ ಟೀ ಶರ್ಟು ಹಾಕ್ಕೊಂಡು ಒಂದು ಹಾಡೂ ಕೇಳದವರೂ ಇದ್ರು, ಆ ಮಾತು ಬೇರೆ.) ಆದರೆ ಗಾಜಿನ ಈಚೆ ಕೂತು ಆ ಹಾಡುಗಳನ್ನು ಹಿಡಿದವನ ಹೆಸರು ಸಿಡಿ ಕವರಿನ ಹಿಂದೆ ಇರುವೆ ಸಾಲಿನ ಹಾಗೆ ಇರುತ್ತಿತ್ತು. ಈಗ ಮೊಬೈಲಿನಲ್ಲಿ ಹಾಡು ಕೇಳುವಾಗ ಆ ಇರುವೆಯೂ ಕಾಣಲ್ಲ.

ಲೆಕಿ 1970ರಲ್ಲಿ ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೊ ಸೇರಿದ್ದು ಟೇಪ್ ಆಪರೇಟರ್ ಆಗಿ. ಏನು ಕೆಲಸ? ಟೇಪು ಏರಿಸೋದು, ಹೇಳಿದಾಗ ಗುಂಡಿ ಒತ್ತೋದು, ಹೇಳಿದಾಗ ನಿಲ್ಲಿಸೋದು, ಡಬ್ಬಿ ಮೇಲೆ ಹೆಸರು ಬರೆಯೋದು, ಉಳಿದಂತೆ ಬಾಯಿ ಮುಚ್ಚಿಕೊಂಡಿರೋದು. ಕೇಳೋಕೆ ಜವಾನನ ಕೆಲಸ. ಆದರೆ ರೆಕಾರ್ಡ್ ಗುಂಡಿಯನ್ನ ಒಂದು ಕ್ಷಣ ತಪ್ಪಿ ಒತ್ತಿದರೆ ಹಾಡುಗಾರನ ಒಳ್ಳೆಯ ಟೇಕು ಅಳಿಸಿಹೋಗುತ್ತೆ ಕಣ್ರೀ, ನಮ್ಮ ಹಾಗೆ ಕಂಟ್ರೋಲ್ ಝಡ್ ಒತ್ತೋಕೆ ಆಗಲ್ಲ. ಅದೇ ವರ್ಷ ಜಾರ್ಜ್ ಹ್ಯಾರಿಸನ್ನನ 'ಆಲ್ ಥಿಂಗ್ಸ್ ಮಸ್ಟ್ ಪಾಸ್', ಜಾನ್ ಲೆನನ್ನನ 'ಪ್ಲಾಸ್ಟಿಕ್ ಓನೊ ಬ್ಯಾಂಡ್' ರೆಕಾರ್ಡಿಂಗಿನಲ್ಲಿ ಆ ಕುರ್ಚಿ ಇವನದು. ಮರುವರ್ಷ ಪಿಂಕ್ ಫ್ಲಾಯ್ಡಿನ 'ಮೆಡಲ್' ಆಲ್ಬಮ್ಮಿಗೆ ಇಂಜಿನಿಯರುಗಳಲ್ಲೊಬ್ಬ. 1978ರಲ್ಲಿ ಅಬ್ಬೆ ರೋಡ್ ಬಿಟ್ಟು ಪ್ರೊಡ್ಯೂಸರ್ ಆಗಿ ಸ್ವಂತ ದಾರಿ ಹಿಡಿದ. 1989ರಲ್ಲಿ 'ದಿ ಸ್ಟೋನ್ ರೋಸಸ್', 1995ರಲ್ಲಿ ರೇಡಿಯೊಹೆಡ್‌ನ 'ದಿ ಬೆಂಡ್ಸ್', ಆಮೇಲೆ ಮ್ಯೂಸ್. ಪಟ್ಟಿ ಉದ್ದ ಇದೆ, ಬಿಡಿ.

ನನಗೆ ಇಷ್ಟವಾಗಿದ್ದು ಇನ್ನೊಂದು. 'ದಿ ಬೆಂಡ್ಸ್'ಗೆ ಲೆಕಿಯ ಕೈಕೆಳಗೆ ಇಂಜಿನಿಯರ್ ಆಗಿದ್ದ ಹುಡುಗ ನೈಜೆಲ್ ಗಾಡ್ರಿಚ್. ಲೆಕಿ ಒಂದೆರಡು ದಿನ ಇಲ್ಲದಾಗ 'ಬ್ಲ್ಯಾಕ್ ಸ್ಟಾರ್' ಅನ್ನೋ ಹಾಡನ್ನ ಬ್ಯಾಂಡಿನವರ ಜೊತೆ ಈ ಹುಡುಗನೇ ರೆಕಾರ್ಡ್ ಮಾಡಿದ. ಆಲ್ಬಮ್ಮಿನಲ್ಲಿ ಅದೇ ಉಳಿಯಿತು. 1997ರ 'ಓಕೆ ಕಂಪ್ಯೂಟರ್' ಹೊತ್ತಿಗೆ ಗಾಡ್ರಿಚ್ಚೇ ಪ್ರೊಡ್ಯೂಸರ್. ಹಿರಿಯನ ಪಕ್ಕ ಒಂದು ಕುರ್ಚಿ ಇದ್ದರೆ ಏನಾಗುತ್ತೆ ನೋಡಿ.

ಇದೆಲ್ಲ ಈಗ ಯಾಕಪ್ಪಾ ಅಂದ್ರೆ, ನಮ್ಮ ರಾಯಲ್ಪಾಡಿನಲ್ಲಿ ನನ್ನ ಅತ್ತೆಯ ಮಗನೊಬ್ಬ ಇದ್ದಾನೆ. ಶ್ರೀನಿವಾಸಪುರ ತಾಲೂಕು, ಮಾವಿನ ಸೀಮೆ, ಆಂಧ್ರದ ಗಡಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಬೈಯುವಾಗ ಎರಡೂ. ಇವನು ಜಾತ್ರೆ, ನಾಟಕಗಳಿಗೆ ಸೌಂಡ್ ಸಿಸ್ಟಂ ಜೋಡಿಸುತ್ತಾ ಬೆಳೆದವನು. ಈಗ ಡಿಪ್ಲೊಮಾ ಮುಗಿಸಿ, ಬಿಇ ಬೇಡ, ಬೆಂಗಳೂರಿನ ಸ್ಟುಡಿಯೊ ಒಂದರಲ್ಲಿ ಸಹಾಯಕನಾಗಿ ಸೇರ್ತೀನಿ ಅಂತ ಕೂತಿದ್ದಾನೆ. ಮೊದಲ ವರ್ಷ ಸಂಬಳ ಇಲ್ಲವಂತೆ. "ನೀನು ಸಾಫ್ಟ್‌ವೇರಲ್ಲಿದ್ದೀಯ, ನೀನು ಹೇಳಿದ್ರೆ ಕೇಳ್ತಾನೆ, ಬುದ್ಧಿ ಹೇಳು" ಅಂತ ಅತ್ತೆಯ ಫೋನು.

ನಾನು ಹೇಳಲಿಲ್ಲ. ಹೇಳೋದೂ ಇಲ್ಲ. ಬಿಇಗೆ ನಾಲ್ಕು ವರ್ಷ ಫೀಸು ಕಟ್ಟುವಾಗ "ಸಂಪಾದನೆ ಎಲ್ಲಿ" ಅಂತ ಯಾರೂ ಕೇಳಲ್ಲ, ಆದರೆ ಒಂದು ಕೈಕಸುಬು ಕಲಿಯೋಕೆ ಒಂದೇ ವರ್ಷ ಸಾಕು ಅಂತೀವಿ. ಇದ್ಯಾವ ನ್ಯಾಯ?

ಹಾಗಂತ ಅತ್ತೆಯ ಭಯ ಸುಳ್ಳಲ್ಲ. ಲೆಕಿ ಗುಂಡಿ ಒತ್ತುತ್ತಿದ್ದ ಕುರ್ಚಿಗೆ ಇಎಂಐ ಕಂಪನಿ ಸಂಬಳ ಕೊಡುತ್ತಿತ್ತು. ನಮ್ಮಲ್ಲಿ ಲ್ಯಾಪ್‌ಟಾಪ್ ಬಂದಮೇಲೆ ಆ ಕುರ್ಚಿಯೇ ಮಾಯ. ಟೇಪು ಇಲ್ಲ, ಟೇಪ್ ಓಡಿಸೋನೂ ಬೇಡ. ಮಲಗೋ ಕೋಣೆಯಲ್ಲೇ ಎಲ್ಲರೂ ಪ್ರೊಡ್ಯೂಸರ್. ಸಂತೋಷ, ಆದರೆ ಪಕ್ಕದಲ್ಲಿ ಕೂತು ನೋಡಿ ಕಲಿಯೋದು ಎಲ್ಲಿ? ಪುಕ್ಕಟೆ ದುಡಿಸಿಕೊಂಡು ಕಲಿಸುವ ಪದ್ಧತಿಯಲ್ಲಿ ಉಳಿಯೋದು ಅಪ್ಪನ ದುಡ್ಡಿರುವ ಹುಡುಗರು ಮಾತ್ರ. ಎರಡು ಎಕರೆ ಮಾವಿನ ತೋಪಿನವರ ಮಗ ಎಷ್ಟು ತಿಂಗಳು ತಡೆದಾನು? ಎಂಬತ್ತರ ದಶಕದಲ್ಲಿ ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟಿದಾಗ, ಧ್ವನಿಮುದ್ರಣಕ್ಕೆ ಮದ್ರಾಸಿನ ರೈಲು ಹತ್ತೋದು ತಪ್ಪಲಿ ಅನ್ನೋ ಕನಸಿತ್ತು. ಈಗ ರೈಲು ಹತ್ತಬೇಕಿಲ್ಲ, ಬಾಡಿಗೆ ಕಟ್ಟಬೇಕು.

ಲೆಕಿಗೂ ನಮಗೂ ಸಂಬಂಧ ಇಲ್ಲ ಅನ್ಕೋಬೇಡಿ. 2009ರಲ್ಲಿ ಬ್ರಿಟಿಷ್ ಕೌನ್ಸಿಲ್‌ನ ಸೌಂಡ್‌ಪ್ಯಾಡ್ ಯೋಜನೆಗಾಗಿ ಭಾರತಕ್ಕೆ ಬಂದು ನಾಲ್ಕು ಬ್ಯಾಂಡುಗಳನ್ನ ರೆಕಾರ್ಡ್ ಮಾಡಿದ. ಅದರಲ್ಲೊಂದು ಕನ್ನಡದಲ್ಲೂ ಹಾಡುವ ನಮ್ಮ ಬೆಂಗಳೂರಿನ ಸ್ವರಾತ್ಮ. ಇದಕ್ಕೂ ಮುಂಚೆ ಸೆನೆಗಲ್ಲಿನ ಬಾಬಾ ಮಾಲ್‌ನ 'ಮಿಸ್ಸಿಂಗ್ ಯೂ' (2001) ಆಲ್ಬಮ್ಮಿಗೆ ಅಲ್ಲಿನ ಒಂದು ಹಳ್ಳಿಗೇ ಹೋಗಿ ಹಾಡು ಹಿಡಿದಿದ್ದ. ಹಳ್ಳಿಯಲ್ಲೂ ಆಗುತ್ತೆ ಅನ್ನೋದಕ್ಕೆ ಇನ್ನೇನು ಬೇಕು?

ನಮ್ಮ ಸೀಮೆಯ ತಮಟೆಯನ್ನೇ ತಗೊಳ್ಳಿ. ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆದರೆ ತಮಟೆಯನ್ನ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ ನೋಡಿ, ತಗಡು ಬಡಿದ ಹಾಗಿರುತ್ತೆ. ಮೊದಲ ಪೆಟ್ಟಿಗೇ ಫೋನು ಹೆದರಿ ತಾನಾಗಿ ಸದ್ದು ತಗ್ಗಿಸುತ್ತೆ, ಪಕ್ಕದ ಹಾಡುಗಾರನ ದನಿಯೂ ಅದರ ಜೊತೆ ಮುಳುಗುತ್ತೆ. ಬೆಂಕಿಗೆ ಕಾಯಿಸಿದ ಚರ್ಮ ಆರುತ್ತಾ ಹೋದ ಹಾಗೆ ನಾದವೂ ಇಳಿಯುತ್ತೆ, ಹಾಗಾಗಿ ರೆಕಾರ್ಡ್ ಮಾಡೋನಿಗೆ ಗಡಿಯಾರದ ಜೊತೆ ಬೆಂಕಿಯ ಮೇಲೂ ಕಣ್ಣಿರಬೇಕು. ಇದೆಲ್ಲ ನನಗೆ ಹೇಳಿದ್ದು ಆ ಹುಡುಗನೇ. ಹೋದ ಸಂಕ್ರಾಂತಿಗೆ ಎರಡು ಮೈಕು ಇಟ್ಟ, ಒಂದು ಹತ್ತು ಅಡಿ ದೂರದಲ್ಲಿ, ಇನ್ನೊಂದು ಬಾರಿಸುವವನ ಬೆನ್ನ ಹಿಂದೆ. ಹೆಡ್‌ಫೋನ್ ಹಾಕಿ ಕೇಳಿದೆ. ಊರಿನ ಬೀದಿಯ ಅಗಲ ಕೇಳಿಸುತ್ತಿತ್ತು ಸ್ವಾಮಿ!

ಬಾಡಿಗೆಯಲ್ಲಿ ಅರ್ಧ ನಾನು ಕೊಡ್ತೀನಿ ಅಂತ ಅತ್ತೆಗೆ ಹೇಳಿದ್ದೀನಿ. ಅವರಿನ್ನೂ ಮಾತಾಡಿಲ್ಲ. ಬೆಂಗಳೂರಿನಲ್ಲಿ ಸ್ವಲ್ಪವಾದರೂ ಸಂಬಳ ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಂಡು ಕಲಿಸೋ ಸ್ಟುಡಿಯೊ ನಿಮಗೆ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಒಂದು ಸಾಲು ಬರೆಯಿರಿ. ಕೇಬಲ್ ಸುತ್ತೋದು ಅವನಿಗೆ ಚೆನ್ನಾಗಿ ಬರುತ್ತೆ.