ಮಣ್ಣಿನ ಪಾಠ: ಹೌಜ್ ಖಾಸಿನ ದಂಡೆಯಿಂದ ಕೆಲವು ವಿಚಾರಗಳು

ದೆಹಲಿಯ ದಕ್ಷಿಣ ಭಾಗದ ಹೌಜ್ ಖಾಸ್ ಎಂಬ ಹೆಸರಿಗೆ ಅರಸನ ಕೆರೆ ಎಂದು ಅರ್ಥ. ಅಲಾವುದ್ದೀನ್ ಖಿಲ್ಜಿ (1296–1316) ತಾನು ಕಟ್ಟಿಸಿದ ಸಿರಿ ನಗರಕ್ಕೆ ನೀರೊದಗಿಸಲೆಂದು ಅಗೆಸಿದ ಈ ಕೆರೆ ಮೊದಲಿಗೆ ಸುಮಾರು 50 ಹೆಕ್ಟೇರುಗಳಷ್ಟು ವಿಸ್ತಾರವಾಗಿತ್ತು. ಅರ್ಧ ಶತಮಾನ ಕಳೆಯುವಷ್ಟರಲ್ಲಿ ಅದು ಹೂಳು ತುಂಬಿ ನಿಂತಿತು. 1351ರಲ್ಲಿ ಪಟ್ಟಕ್ಕೆ ಬಂದ ಫಿರೋಜ್ ಷಾ ತುಘಲಕ್ ಅದರ ಹೂಳನ್ನು ತೆಗೆಸಿದನು. ತನ್ನ ಕಾರ್ಯಗಳನ್ನು ತಾನೇ ನಿರೂಪಿಸಿರುವ 'ಫುತೂಹಾತ್-ಎ-ಫಿರೋಜ್ ಷಾಹಿ'ಯಲ್ಲಿ ಆತ ಕೊಡುವ ವಿವರ ಕುತೂಹಲಕರವಾದುದು: ಕೆರೆಯಲ್ಲಿ ನೀರಿರಲಿಲ್ಲ, ಜನ ಅದರ ಅಂಗಳದಲ್ಲಿ ಉತ್ತು ಬಿತ್ತುತ್ತಿದ್ದರು, ಅಲ್ಲಿಯೇ ಬಾವಿ ತೋಡಿ ಆ ನೀರನ್ನು ಮಾರಿಕೊಳ್ಳುತ್ತಿದ್ದರು. ಹೂಳೆತ್ತಿಸಿದ ಸುಲ್ತಾನನು ಅದೇ ಕೆರೆಯ ದಂಡೆಯ ಮೇಲೆ ಒಂದು ಮದರಸವನ್ನು ಕಟ್ಟಿಸಿದನು. ನೀರಿನವರೆಗೆ ಇಳಿಯುವ ಮೆಟ್ಟಿಲುಗಳು, ಕೆರೆಯ ಕಡೆಗೇ ತೆರೆದುಕೊಂಡ ಸಾಲುಗಂಬಗಳು ಇಂದಿಗೂ ಉಳಿದಿವೆ.

ಮಣ್ಣು ತುಂಬಿದ ಕೆರೆಯ ಹೂಳನ್ನು ತೆಗೆದು ಅದರ ಪಕ್ಕದಲ್ಲಿ ಶಾಲೆಯನ್ನು ಕಟ್ಟಿದ ಸ್ಥಳವಿದು. ಆ ಶಾಲೆಯಲ್ಲಿ ಧರ್ಮಶಾಸ್ತ್ರವೇ ಮೊದಲಾದ ವಿದ್ಯೆಗಳನ್ನು ಕಲಿಸಿದರೇ ಹೊರತು ಕಿಟಕಿಯ ಕೆಳಗಿದ್ದ ಹೂಳಿನ ಕಥೆಯನ್ನು ಕಲಿಸಿರಲಾರರು. ಇದನ್ನು ಹದಿನಾಲ್ಕನೆಯ ಶತಮಾನದ ದೋಷವೆಂದು ಎಣಿಸಬೇಕಾಗಿಲ್ಲ. ಆದರೆ ಆ ದಂಡೆಯಿಂದ ಕೂಗಳತೆಯೆನ್ನಬಹುದಾದ ದೂರದಲ್ಲಿ, ಶ್ರೀ ಅರವಿಂದ ಮಾರ್ಗದಲ್ಲಿ, ಭಾರತದ ಮಕ್ಕಳು ಏನನ್ನು ಓದಬೇಕೆಂದು ಯೋಚಿಸುವ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿ (ಎನ್‌ಸಿಇಆರ್‌ಟಿ, 1961) ಇದೆ. ಆದುದರಿಂದ ಪ್ರಾಥಮಿಕ ಶಾಲೆಯ ಮಗುವಿಗೆ ಮಣ್ಣನ್ನು ಹೇಗೆ ಕಲಿಸಬೇಕೆಂಬ ಪ್ರಶ್ನೆಯನ್ನು ಹೌಜ್ ಖಾಸಿನಿಂದಲೇ ಎತ್ತಿಕೊಳ್ಳುವುದು ಅನುಚಿತವಾಗಲಾರದು. ಪ್ರಶ್ನೆ ವಿಜ್ಞಾನದ್ದೆಂದು ಕಾಣುತ್ತದೆ. ಅದರ ಅರ್ಧಭಾಗವಾದರೂ ಭಾಷೆಯದು. ಆ ಮಟ್ಟಿಗೆ ಕನ್ನಡ ವಿಭಾಗಗಳದು.

ಪರಿಸರ ಶಿಕ್ಷಣ ನಮ್ಮ ಶಾಲೆಗಳಿಗೆ ಬಂದ ಬಗೆಯನ್ನು ಸಂಕ್ಷೇಪವಾಗಿ ನೆನೆಯಬಹುದು. 1991ರ ನವೆಂಬರ್ 22ರಂದು ಎಂ. ಸಿ. ಮೆಹ್ತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಿಸರವನ್ನು ಕಡ್ಡಾಯ ವಿಷಯವಾಗಿ ಬೋಧಿಸಬೇಕೆಂದು ಹೇಳಿತು. 2003ರ ಡಿಸೆಂಬರಿನಲ್ಲಿ ಮಾದರಿ ಪಠ್ಯಕ್ರಮವನ್ನು ಸಿದ್ಧಪಡಿಸುವಂತೆ ಎನ್‌ಸಿಇಆರ್‌ಟಿಗೆ ಸೂಚಿಸಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಜ್ಞಾನವನ್ನು ಶಾಲೆಯ ಹೊರಗಿನ ಬದುಕಿನೊಂದಿಗೆ ಬೆಸೆಯಬೇಕೆಂಬುದನ್ನು ತನ್ನ ಮೊದಲ ಸೂತ್ರಗಳಲ್ಲಿ ಒಂದಾಗಿ ಸ್ವೀಕರಿಸಿತು. ಎಂದಮೇಲೆ ದೆಹಲಿಯಿಂದ ಬಂದುದೆಲ್ಲ ಪರಕೀಯ, ಅದರಿಂದಲೇ ಕನ್ನಡದ ಪಾಠಗಳು ಸೊರಗಿದವು ಎಂಬ ರೂಢಿಯ ದೂರು ಇಲ್ಲಿ ನಿಲ್ಲುವುದಿಲ್ಲ. ಸ್ಥಳೀಯವಾದುದನ್ನು ತನ್ನಿರೆಂದು ದೆಹಲಿಯೇ ಕೇಳಿತ್ತು. ತಂದುಕೊಡಬೇಕಾದವರು ತಂದುಕೊಟ್ಟರೇ ಎಂಬುದು ಪ್ರಶ್ನೆ.

ಸಾಮಾನ್ಯವಾಗಿ ಮಣ್ಣಿನ ಪಾಠವೆಂದರೆ ಹೀಗಿರುತ್ತದೆ: ಮಣ್ಣಿನ ವಿಧಗಳು ಇಷ್ಟು, ಮಣ್ಣಿನ ಸವೆತಕ್ಕೆ ಕಾರಣಗಳು ಇಷ್ಟು, ಸಂರಕ್ಷಣೆಯ ಕ್ರಮಗಳು ಇಷ್ಟು. ಮಗು ಮೂರು ಪಟ್ಟಿಗಳನ್ನು ಉರುಹೊಡೆದು ಪರೀಕ್ಷೆಯಲ್ಲಿ ಒಪ್ಪಿಸುತ್ತದೆ. ಈ ಪಟ್ಟಿಗಳಲ್ಲಿ ಸುಳ್ಳಿಲ್ಲ. ಆದರೆ ಅವುಗಳ ಕೇಂದ್ರದಲ್ಲಿರುವ 'ಸವೆತ' ಅಥವಾ 'ಸವಕಳಿ' ಎಂಬ ಮಾತನ್ನೇ ಸ್ವಲ್ಪ ಪರಿಶೀಲಿಸಬೇಕು. ಕನ್ನಡದಲ್ಲಿ ಸವೆಯುವುದು ಚಪ್ಪಲಿ, ನಾಣ್ಯ, ಒರಳುಕಲ್ಲು, ಹೊಸ್ತಿಲು. ಸವೆದುಹೋದುದು ಎಲ್ಲಿಗೆ ಹೋಯಿತೆಂದು ಯಾರೂ ಕೇಳುವುದಿಲ್ಲ; ಅದು ಇಲ್ಲವಾಯಿತು, ಅಷ್ಟೇ. ಮಳೆಗಾಲದ ಮುಂಜಾನೆ ಹೊಲಕ್ಕೆ ಹೋಗಿ ಬಂದ ರೈತ ಆಡುವ ಮಾತು ಬೇರೆ: ಮಣ್ಣು ಕೊಚ್ಚಿಕೊಂಡು ಹೋಯಿತು, ಮೇಲ್ಮಣ್ಣು ತೊಳೆದುಹೋಯಿತು, ಬದು ಒಡೆಯಿತು. ಈ ಮಾತುಗಳಲ್ಲಿ ನೀರಿದೆ, ಇಳಿಜಾರಿದೆ, ಹೋದ ದಿಕ್ಕಿದೆ. ಕೇಳಿದ ಮಗು 'ಎಲ್ಲಿಗೆ ಹೋಯಿತು?' ಎಂದು ಕೇಳಿಯೇ ಕೇಳುತ್ತದೆ. ಆ ಪ್ರಶ್ನೆಗೆ ಉತ್ತರ 'ಹೂಳು'. ಹೊಲದ ಪಾಠವೂ ಕೆರೆಯ ಪಾಠವೂ ಒಂದೇ ಎಂಬುದು ಆಗ ತಾನಾಗಿ ಗೋಚರಿಸುತ್ತದೆ. ಪುಸ್ತಕಗಳಲ್ಲಿ ಇವೆರಡೂ ಬೇರೆ ಬೇರೆ ಅಧ್ಯಾಯಗಳಲ್ಲಿ ಪರಸ್ಪರ ಪರಿಚಯವಿಲ್ಲದೆ ಕುಳಿತಿರುವುದಕ್ಕೆ ಪಾರಿಭಾಷಿಕ ಪದವೂ ಒಂದು ಕಾರಣವೆನ್ನಬೇಕು.

ಹೌಜ್ ಖಾಸ್ ದೂರವೆನಿಸಿದರೆ ಹೊಸಪೇಟೆಯ ಬಳಿ ತುಂಗಭದ್ರೆಯಿದೆ. 1953ರಲ್ಲಿ ಪೂರ್ಣಗೊಂಡ ಆ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿ.ಎಂ.ಸಿ. ಅಡಿ, ಈಚಿನ ಅಳತೆಗಳಲ್ಲಿ ಅದು 105ರ ಆಸುಪಾಸಿಗೆ ಇಳಿದಿದೆ. ಈ ಅಂತರವೆಂದರೆ ಮೇಲಿನ ಜಿಲ್ಲೆಗಳ ಹೊಲಗದ್ದೆ, ಬೆಟ್ಟಬಯಲುಗಳಿಂದ ಇಳಿದು ಬಂದ ಮಣ್ಣು. ಎರಡು ಮೂರು ಸೆಂಟಿಮೀಟರ್ ಮೇಲ್ಮಣ್ಣು ರೂಪುಗೊಳ್ಳಲು ಸಾವಿರ ವರ್ಷಗಳವರೆಗೂ ಹಿಡಿಯಬಹುದೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳುತ್ತದೆ. ಖಿಲ್ಜಿಯ ಕೆರೆ ತುಂಬಲು ಐವತ್ತು ವರ್ಷ ಸಾಕಾಯಿತು. ಐದನೆಯ ತರಗತಿಯ ಮಗುವಿಗೆ ಈ ಎರಡು ಸಂಖ್ಯೆಗಳನ್ನು ಒಟ್ಟಿಗೆ ಕೊಟ್ಟರೆ ಸಂರಕ್ಷಣೆ ಏಕೆ ಬೇಕೆಂದು ಬೇರೆ ವಾಕ್ಯದಲ್ಲಿ ವಿವರಿಸುವ ಅಗತ್ಯ ಬೀಳಲಾರದು.

ಕನ್ನಡ ನಾಡಿನಲ್ಲಿ ಹೂಳಿನ ಅರಿವು ಹೊಸದೇನಲ್ಲ. ಕೆರೆಯ ಪಾಲನೆಗಾಗಿ ಬಿಟ್ಟ ಭೂಮಿಯನ್ನು ಶಾಸನಗಳು ಬಿತ್ತುವಟ್ಟವೆಂದೂ ಕೆರೆಗೊಡಗೆಯೆಂದೂ ಕರೆಯುತ್ತವೆ. ಹೂಳು ಸಾಗಿಸುವ ಬಂಡಿಗಳನ್ನು ಇರಿಸಿಕೊಳ್ಳಲು ದತ್ತಿ ಕೊಟ್ಟ ದಾಖಲೆಗಳೂ ಉಂಟು. ಹನ್ನೊಂದನೆಯ ಶತಮಾನದ ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ನೆಲದೊಳಗಣ ನೀರಿನ ಪರೀಕ್ಷೆಗೂ ವೃಕ್ಷಾಯುರ್ವೇದಕ್ಕೂ ಸ್ಥಾನವಿದೆ. ಎಂ.ಎ. ತರಗತಿಯಲ್ಲಿ ಶಾಸನಶಾಸ್ತ್ರದ ಪಾಠವಾಗಿ ಈ ಮಾತುಗಳನ್ನು ಓದಿದ ವಿದ್ಯಾರ್ಥಿ ಮುಂದೆ ಶಾಲಾ ಶಿಕ್ಷಕನಾದಾಗ ತನ್ನ ಊರಿನ ಕೆರೆಯ ಏರಿಯ ಮೇಲೆ ನಿಂತು ಅವನ್ನು ನೆನೆಯುವುದು ಅಪರೂಪ. ಬಿತ್ತುವಟ್ಟ ಪ್ರಶ್ನೆಪತ್ರಿಕೆಯ ಟಿಪ್ಪಣಿಯಾಗಿಯೇ ಉಳಿಯುತ್ತದೆ.

ಇನ್ನು ಮಣ್ಣಿನ ಹೆಸರುಗಳು. ಪಠ್ಯಗಳಲ್ಲಿ ಕಪ್ಪು, ಕೆಂಪು, ಜಂಬಿಟ್ಟಿಗೆ, ಮೆಕ್ಕಲು ಎಂಬ ನಾಲ್ಕು ವಿಭಾಗಗಳು ಸ್ಥಿರವಾಗಿವೆ. ಇವುಗಳಲ್ಲಿ ಮೆಕ್ಕಲು ಎಂಬುದು ಅಚ್ಚುಕಟ್ಟಾದ ಆಯ್ಕೆ. ಜಂಬಿಟ್ಟಿಗೆಯದು ಸ್ವಾರಸ್ಯಕರವಾದ ಸಂಗತಿ. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಕಂಡ, ಇಟ್ಟಿಗೆಯಂತೆ ಕಡಿದು ತೆಗೆಯಬಹುದಾದ ಈ ನೆಲಕ್ಕೆ ಲ್ಯಾಟಿನ್ನಿನ ಇಟ್ಟಿಗೆ ಎಂಬ ಪದದಿಂದಲೇ 'ಲ್ಯಾಟರೈಟ್' ಎಂದು ಹೆಸರಿಟ್ಟನು. ಕನ್ನಡದ ಪದದಲ್ಲಿಯೂ ಇಟ್ಟಿಗೆಯಿದೆ. ಕರಾವಳಿಯ ಮಗುವಿಗಾದರೋ ಅದು ಮುರಕಲ್ಲು. ಅದರ ಮನೆಯ ಗೋಡೆಯೇ ಅದು. ಪುಸ್ತಕದ ಜಂಬಿಟ್ಟಿಗೆಯೂ ಮನೆಯ ಮುರಕಲ್ಲೂ ಒಂದೇ ಎಂದು ಹೇಳುವ ಒಂದು ಸಾಲು ಪುಸ್ತಕದಲ್ಲಿ ಇರಬೇಕಷ್ಟೆ.

ಈ ನಾಲ್ಕು ಹೆಸರುಗಳ ಆಚೆಗೆ ಆಡುಮಾತಿನ ಸಂಪತ್ತು ದೊಡ್ಡದು. ಧಾರವಾಡ, ಗದಗದ ಕಡೆಯ ರೈತನಿಗೆ ಹೊಲ ಎರಿಯೋ ಮಸಾರಿಯೋ ಎಂಬುದು ಮೊದಲ ಪ್ರಶ್ನೆ; ಬಿತ್ತುವ ಕಾಲ, ಬೆಳೆ, ಎತ್ತಿನ ಶ್ರಮ, ಹೊಲದ ಬೆಲೆ ಎಲ್ಲವೂ ಅದನ್ನು ಅವಲಂಬಿಸಿವೆ. ಗರಸು, ಮಡ್ಡಿ, ಜೇಡಿ, ಗೋಡು ಇವುಗಳಿಗೆ ಬೇರೆ ಬೇರೆ ಗುಣಗಳಿವೆ. ಉಪ್ಪೇರಿದ ನೆಲ ಒಂದೆಡೆ ಚೌಳು, ಇನ್ನೊಂದೆಡೆ ಸವಳು. ನೀರು ನಿಂತು ಕೆಟ್ಟ ನೆಲ ಜವಳು. ನಾಲೆಯ ನೀರು ಮಿತಿಮೀರಿ ಹರಿದ ಪ್ರದೇಶಗಳಲ್ಲಿ ಈ ಎರಡು ಮಾತುಗಳು ಜೋಡಿಯಾಗಿಯೇ ಕೇಳಿಬರುತ್ತವೆ. ದಕ್ಷಿಣ ಕನ್ನಡದವರು ಗದ್ದೆಗಳನ್ನು ಬೆಟ್ಟು, ಮಜಲು, ಬಯಲು ಎಂದು ಎತ್ತರಕ್ಕೆ ತಕ್ಕಂತೆ ವಿಂಗಡಿಸುತ್ತಾರೆ. ಉತ್ತರ ಕನ್ನಡದಲ್ಲಿ ಅಳಿವೆಯ ಉಪ್ಪುನೀರಿನ ಗದ್ದೆಗೆ ಗಜನಿಯೆಂದು ಹೆಸರು. ಇವು ಬರಿಯ ಹೆಸರುಗಳಲ್ಲ, ವರ್ಗೀಕರಣಗಳು. ಶತಮಾನಗಳ ಪರೀಕ್ಷೆಯಿಂದ ಹುಟ್ಟಿದ ವರ್ಗೀಕರಣವನ್ನು ಜಾನಪದದ ಕಪಾಟಿನಲ್ಲಿಟ್ಟು, ಅನುವಾದವಾಗಿ ಬಂದುದಕ್ಕೆ ಮಾತ್ರ ವಿಜ್ಞಾನದ ಗೌರವ ಕೊಡುವುದು ವಿವೇಕವಲ್ಲ. ದೆಹಲಿಯ ಸುತ್ತಣ ರೈತರೂ ಯಮುನೆಯ ಹೊಸ ಮೆಕ್ಕಲಿಗೆ ಖಾದರ್, ಹಳೆಯ ಮೆಕ್ಕಲಿಗೆ ಬಾಂಗರ್ ಎನ್ನುತ್ತಿದ್ದರು. ಆ ಹಳ್ಳಿಗರ ಮಾತುಗಳು ಭೂಗೋಳ ಗ್ರಂಥಗಳನ್ನು ಸೇರಿ, ಇಂದು ಕರ್ನಾಟಕದ ಮಗುವೂ ಅವನ್ನು ಕಲಿಯುತ್ತದೆ. ಖಾದರ್ ಶಾಸ್ತ್ರದ ಪದವಾಗಬಹುದಾದರೆ ಮಸಾರಿ ಏಕಾಗಬಾರದು?

ರಾಜ್ಯಕ್ಕೆಲ್ಲ ಒಂದೇ ಪುಸ್ತಕವಿರುವಾಗ ಇಷ್ಟೊಂದು ಪ್ರಾದೇಶಿಕ ಪದಗಳಿಗೆ ಎಡೆಯೆಲ್ಲಿ, ಚಾಮರಾಜನಗರದ ಮಗುವಿಗೆ ಎರಿ-ಮಸಾರಿಗಳಿಂದ ಏನು ಪ್ರಯೋಜನ ಎಂಬ ಆಕ್ಷೇಪ ಬರಬಹುದು. ಅದು ನ್ಯಾಯವಾದ ಆಕ್ಷೇಪವೇ. ಶಿಷ್ಟಪದವನ್ನು ಕೈಬಿಡಬೇಕೆಂದು ಯಾರೂ ಹೇಳುತ್ತಿಲ್ಲ. ಪುಸ್ತಕವು ಶಿಷ್ಟಪದವನ್ನು ಕೊಟ್ಟು, 'ನಿಮ್ಮೂರಿನಲ್ಲಿ ಇದಕ್ಕೆ ಏನೆನ್ನುತ್ತಾರೆ? ಮನೆಯಲ್ಲಿ ಹಿರಿಯರನ್ನು ಕೇಳಿ ಬರೆಯಿರಿ' ಎಂದು ಎರಡು ಗೆರೆ ಖಾಲಿ ಬಿಟ್ಟರೆ ಸಾಕು. ಆ ಗೆರೆಗಳನ್ನು ತುಂಬಲು ಹೊರಟ ಮಗುವಿಗೆ ಅಕ್ಷರ ಬಾರದ ಅಜ್ಜಿಯೂ ಗುರುವಾಗುತ್ತಾಳೆ.

ಪಟ್ಟಿಗಳ ಇನ್ನೊಂದು ಅಪಾಯ ಸೂಕ್ಷ್ಮವಾದುದು. ಸವೆತದ ಕಾರಣಗಳಲ್ಲಿ 'ಅತಿಯಾಗಿ ದನಕುರಿ ಮೇಯಿಸುವುದು' ತಪ್ಪದೆ ಬರುತ್ತದೆ. ಇದು ಸತ್ಯವೇ, ಹುಲ್ಲಿನ ಹೊದಿಕೆ ಹೋದ ಇಳಿಜಾರು ಮಳೆಗೆ ನಿಲ್ಲದು. ಆದರೆ ಅದೇ ತರಗತಿಯಲ್ಲಿ ಕುರಿಗಾರನ ಮಗುವೂ ಕುಳಿತಿರುತ್ತದೆ. ತನ್ನ ತಂದೆ ಮಣ್ಣು ಕೆಡಿಸುವವನೆಂದು ಅದು ಪುಸ್ತಕದಿಂದ ತಿಳಿಯುತ್ತದೆ. ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಕುರಿ ತರುಬಲು ರೈತರು ಅದೇ ತಂದೆಗೆ ಕಾಳೋ ಹಣವೋ ಕೊಟ್ಟು ಕರೆಸಿಕೊಳ್ಳುತ್ತಾರೆ, ಹಿಕ್ಕೆ-ಗಂಜಲಗಳಿಂದ ಹೊಲಕ್ಕೆ ಸಾರ ಬರುತ್ತದೆ ಎಂಬುದನ್ನು ಪುಸ್ತಕ ಹೇಳುವುದಿಲ್ಲ. ಎರಡನ್ನೂ ಹೇಳುವ ಪಾಠವೇ ಸತ್ಯವಾದ ಪಾಠ. ಹಾಗೆಯೇ ಬೆಟ್ಟ ಅಗೆದು ರಸ್ತೆ, ಗಣಿ, ಬಡಾವಣೆಗಳನ್ನು ಮಾಡಿದಾಗ ಇಳಿಯುವ ಮಣ್ಣಿಗೂ ಪಟ್ಟಿಯಲ್ಲಿ ಅಷ್ಟೇ ಸ್ಪಷ್ಟವಾದ ಸ್ಥಳ ಸಿಗಬೇಕು.

ಕೈಯಿಂದ ಕಲಿಯುವ ಪಾಠಕ್ಕೆ ಪ್ರಯೋಗಶಾಲೆ ಬೇಕಿಲ್ಲ. ಗಾಜಿನ ಸೀಸೆಯಲ್ಲಿ ಒಂದು ಹಿಡಿ ಮಣ್ಣು ಹಾಕಿ, ನೀರು ತುಂಬಿ, ಕುಲುಕಿ ಇಟ್ಟರೆ ಮರಳು ನಿಮಿಷದೊಳಗೆ ತಳ ಸೇರುತ್ತದೆ. ಅದರ ಮೇಲೆ ಗೋಡು ನಿಧಾನವಾಗಿ ಇಳಿಯುತ್ತದೆ. ಜೇಡಿಯ ಕಣಗಳು ಮರುದಿನವೂ ನೀರನ್ನು ಕದಡಿದಂತೆಯೇ ಇರಿಸಬಲ್ಲವು. ತೇಲುವ ಕಸಕಡ್ಡಿ ಸಾವಯವ ಅಂಶ. ಸೀಸೆಯಲ್ಲಿ ಎದ್ದ ಗುಳ್ಳೆಗಳು ಮಣ್ಣಿನೊಳಗೆ ಗಾಳಿಯೂ ಇತ್ತೆಂಬುದಕ್ಕೆ ಸಾಕ್ಷಿ. ಒಳ್ಳೆಯ ಮಣ್ಣಿನ ಗಾತ್ರದಲ್ಲಿ ಹೆಚ್ಚುಕಡಮೆ ಅರ್ಧ ಭಾಗ ನೀರು ಮತ್ತು ಗಾಳಿ ಎಂಬ ಮಾತನ್ನು ಆ ಗುಳ್ಳೆಗಳನ್ನು ಕಂಡ ಮಗು ನಂಬುತ್ತದೆ. ಎರೆಹುಳುವಿನ ಕೆಲಸವನ್ನು ಕುರಿತು ಡಾರ್ವಿನ್ 1881ರಲ್ಲಿ ಒಂದು ಇಡೀ ಪುಸ್ತಕ ಬರೆದನು; ಅದು ಅವನ ಕೊನೆಯ ಪುಸ್ತಕ. ಅಂಥ ವಿಜ್ಞಾನಿ ಹುಳುವಿನ ಮುಂದೆ ವರ್ಷಗಟ್ಟಲೆ ಕುಳಿತಿದ್ದನೆಂಬುದನ್ನು ಮಕ್ಕಳಿಗೆ ಹೇಳಬೇಕು.

ಉತ್ತರ ಕರ್ನಾಟಕದ ಮಕ್ಕಳಿಗೆ ಇನ್ನೂ ಸಮೀಪದ ಸಾಧನವೊಂದಿದೆ. ಜ್ಯೇಷ್ಠ ಮಾಸದ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಭಾದ್ರಪದದಲ್ಲಿ ಜೋಕುಮಾರ, ಎಲ್ಲವೂ ಮಣ್ಣಿನವು. ಯಾವ ಮಣ್ಣಿನ ಎತ್ತಿನ ಕೊಂಬು ಒಣಗಿದ ಮೇಲೂ ನಿಲ್ಲುತ್ತದೆ, ಯಾವುದು ಬಿರಿಯುತ್ತದೆ, ಎಲ್ಲಿಂದ ಅಗೆದು ತರಬೇಕು ಎಂಬುದು ಹತ್ತು ವರ್ಷದ ಮಗುವಿಗೆ ಗೊತ್ತು. ಜೇಡಿ ಮಣ್ಣಿನ ಕಣ ಅತಿ ಸೂಕ್ಷ್ಮವಾದುದರಿಂದ ಅಂಟುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ ಎಂಬ ವಾಕ್ಯಕ್ಕೆ ಇದಕ್ಕಿಂತ ಭದ್ರವಾದ ತಳಪಾಯ ದೊರೆಯದು. ಈ ಹಬ್ಬಗಳು ಭಾಷಾ ಪುಸ್ತಕದಲ್ಲಿ ಸಂಸ್ಕೃತಿಯ ಪಾಠವಾಗಿ ಬಂದರೂ ಪರಿಸರದ ಪುಸ್ತಕಕ್ಕೆ ದಾಟುವುದು ವಿರಳ. ಎರಡು ಪುಸ್ತಕಗಳನ್ನೂ ಓದುವ ಮಗು ಒಂದೇ ಎಂಬುದು ಪುಸ್ತಕ ಬರೆಯುವವರಿಗೆ ಅಷ್ಟಾಗಿ ನೆನಪಿರುವುದಿಲ್ಲ.

ಮಕ್ಕಳಿಗಾಗಿ ಕನ್ನಡದಲ್ಲಿ ಇಂಥ ಬರವಣಿಗೆಯ ಪರಂಪರೆ ಇಲ್ಲದಿಲ್ಲ. ಶಿವರಾಮ ಕಾರಂತರು 1936ರಲ್ಲಿಯೇ ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನು ಹೊರತಂದರು. 1978ರಿಂದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಮಾಸಪತ್ರಿಕೆ ಬಂದಿತು. ಆ ಹೊಣೆಯನ್ನು ವಿಜ್ಞಾನದವರಿಗೇ ಬಿಟ್ಟು ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ದೂರ ನಿಂತಿರುವುದು ಸರಿಯಲ್ಲ. ಕ್ಷೇತ್ರಕಾರ್ಯಕ್ಕೆ ಹೋಗುವ ಪ್ರತಿಯೊಬ್ಬ ವಿದ್ಯಾರ್ಥಿ ತನ್ನ ತಾಲ್ಲೂಕಿನ ಮಣ್ಣು, ಬದು, ಒಡ್ಡು, ಹೂಳುಗಳಿಗೆ ಸಂಬಂಧಿಸಿದ ಐವತ್ತು ಮಾತುಗಳನ್ನು ಬಳಕೆಯ ವಾಕ್ಯದೊಂದಿಗೆ ಸಂಗ್ರಹಿಸಿ ತಂದರೆ ಒಂದೆರಡು ವರ್ಷಗಳಲ್ಲಿ ಜಿಲ್ಲಾವಾರು ಪದಕೋಶ ಸಿದ್ಧವಾದೀತು. ಕಿಟ್ಟೆಲರ ನಿಘಂಟು (1894) ಸಿದ್ಧವಾದ ಕಾಲಕ್ಕಿಂತ ಈಗ ಅನುಕೂಲಗಳು ಹೆಚ್ಚು. ಮಾತು ಬಲ್ಲವರು ಮಾತ್ರ ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ದೆಹಲಿಯ ಕನ್ನಡ ಮನೆಗಳಲ್ಲಿ ಬೆಳೆಯುವ ಮಕ್ಕಳಿಗೂ ಅದು ಒದಗಬಹುದು. ಅಜ್ಜನ ಊರಿನ ಹೊಲ ಎರಿಯೋ ಮಸಾರಿಯೋ ಎಂದು ಕೇಳಲು ಅವಕ್ಕೆ ಆ ಎರಡು ಮಾತುಗಳಾದರೂ ಗೊತ್ತಿರಬೇಕಲ್ಲ.

ಹಳೆಯ ಮೈಸೂರು ಪ್ರಾಂತದಲ್ಲಿ ಬೇಸಗೆಯಲ್ಲಿ ಕೆರೆ ಬತ್ತಿದಾಗ ರೈತರು ಗಾಡಿಗಳಲ್ಲಿ ಗೋಡು ಹೊಡೆದು ಹೊಲಕ್ಕೆ ಹರಡುತ್ತಿದ್ದರು. ಹೊಲದಿಂದ ಇಳಿದುದು ಹೊಲಕ್ಕೇ ಮರಳುತ್ತಿತ್ತು, ಕೆರೆಗೂ ಆಳ ಬರುತ್ತಿತ್ತು. ಹೌಜ್ ಖಾಸಿನ ಅಂಗಳದಲ್ಲಿ ಉಳುತ್ತಿದ್ದ ಆ ಹೆಸರಿಲ್ಲದ ಬೇಸಾಯಗಾರರು ಸುಲ್ತಾನನ ಬರಹದಲ್ಲಿ ಅತಿಕ್ರಮಣಕಾರರಂತೆ ಕಾಣುತ್ತಾರೆ. ಹೂಳಿನಲ್ಲಿ ಬೆಳೆ ಚೆನ್ನಾಗಿ ಬರುತ್ತದೆಂಬುದು ಮಾತ್ರ ಅವರಿಗೆ ತಿಳಿದಿತ್ತು.