ರಶ್ಯದ ಜಗಳವೂ ನಮ್ಮ ಎಲೆತೂಕವೂ

ಹೋದ ಕೂಟದಲ್ಲಿ ಒಬ್ಬ ಹಿರಿಯ ಸಹೋದರಿ ಎದ್ದು ನಿಂತು ನಮ್ಮನ್ನು ನೇರವಾಗಿ ಕೇಳಿದರು: "ಬೋನಸ್ಸಿನ ವಿಷಯ ಬರೆಯಿರಿ, ಸೋರುವ ಲೈನ್ ಮನೆಗಳ ವಿಷಯ ಬರೆಯಿರಿ, ಓದುತ್ತೇವೆ. ರಶ್ಯ, ಚೀನಾ, ಅಮೆರಿಕ ಎಂದರೆ ನಮಗೇನು? ಅವರ ಜಗಳ ಅವರಿಗೆ." ಕೂಡಿದವರು ನಕ್ಕರು, ನಾವೂ ನಕ್ಕೆವು. ಆದರೆ ಮನೆಗೆ ಹೋಗುವ ದಾರಿಯಲ್ಲಿ ಆ ಮಾತು ನಮ್ಮನ್ನು ಬಿಡಲಿಲ್ಲ. ಏಕೆಂದರೆ ಅದೇ ಸಹೋದರಿಯ ಮನೆಯಲ್ಲಿ 1999ನೆಯ ಇಸವಿಯಲ್ಲಿ ಒಲೆ ಉರಿಯದ ದಿನಗಳಿದ್ದವು, ಮತ್ತು ಆ ಒಲೆ ಆರಿದ್ದಕ್ಕೆ ಒಂದು ಕಾರಣ ಮಾಸ್ಕೋ ಪಟ್ಟಣದಲ್ಲಿತ್ತು. ಅದನ್ನು ಆಗ ನಮಗೆ ಯಾರೂ ಹೇಳಲಿಲ್ಲ. ಈಗಲಾದರೂ ಹೇಳಿಕೊಳ್ಳೋಣ ಎಂದು ಈ ಲೇಖನ.

ನಾವು ದಿನವೂ ಕೈಯಿಟ್ಟು ಚಿವುಟುವ ಈ ಗಿಡವೇ ದೊಡ್ಡ ರಾಜ್ಯಗಳ ಪೈಪೋಟಿಯಿಂದ ನಮ್ಮ ಬೆಟ್ಟಗಳಿಗೆ ಬಂದದ್ದು. ಒಂದು ಕಾಲದಲ್ಲಿ ಚಹವೆಂದರೆ ಚೀನಾದ್ದು ಮಾತ್ರ. ಇಂಗ್ಲಿಷರು ಬೆಳ್ಳಿ ಸುರಿದು ಅದನ್ನು ಕೊಳ್ಳುತ್ತಿದ್ದರು. ಬೆಳ್ಳಿ ಸಾಲದಾದಾಗ ನಮ್ಮ ದೇಶದಲ್ಲಿ ಬೆಳೆಸಿದ ಅಫೀಮನ್ನು ಚೀನಾದೊಳಕ್ಕೆ ನುಗ್ಗಿಸಿದರು. ಅದಕ್ಕಾಗಿ 1839ರಿಂದ 1842ರ ವರೆಗೆ ಯುದ್ಧವನ್ನೂ ಮಾಡಿದರು. ಚೀನಾದ ಹಂಗು ಬೇಡವೆಂದು 1834ರಲ್ಲಿ ಒಂದು ಸಮಿತಿ ಮಾಡಿ ಹಿಂದೂಸ್ಥಾನದಲ್ಲೇ ಚಹ ಬೆಳೆಸುವ ಹವಣಿಕೆ ಹೂಡಿದರು. ಅತ್ತ ರಶ್ಯದವರು 1727ರಲ್ಲಿ ಚೀನಾದೊಂದಿಗೆ ಕ್ಯಾಖ್ತಾ ಎಂಬ ಗಡಿಯೂರಿನಲ್ಲಿ ಒಪ್ಪಂದ ಮಾಡಿಕೊಂಡು, ಒಂಟೆಗಳ ಮೇಲೆ ಚಹ ಹೇರಿಸಿ, ಮಂಗೋಲಿಯದ ಮರುಭೂಮಿಯನ್ನೂ ಸೈಬೀರಿಯದ ಹಿಮವನ್ನೂ ದಾಟಿಸಿ ತಿಂಗಳುಗಟ್ಟಲೆ ದಾರಿಯಲ್ಲಿ ಮಾಸ್ಕೋಗೆ ತರಿಸುತ್ತಿದ್ದರು. ಅಂದು ಕಲಿತ ಚಟವನ್ನು ರಶ್ಯದವರು ಬಿಡಲಿಲ್ಲ. ಆ ಚಳಿಯಲ್ಲಿ ಬಿಡಲಾಗುವುದೂ ಇಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಆ ಚಟ ನಮಗೆ ಅನ್ನವಾಯಿತು. 1950ರ ದಶಕದಲ್ಲಿ ಭಾರತವೂ ಸೋವಿಯತ್ ರಶ್ಯವೂ ವ್ಯಾಪಾರದ ಕರಾರು ಮಾಡಿಕೊಂಡವು. ಅದರ ವಿಶೇಷವೇನೆಂದರೆ ಡಾಲರೂ ಬೇಡ, ಪೌಂಡೂ ಬೇಡ, ಲೆಕ್ಕವೆಲ್ಲ ರೂಪಾಯಿಯಲ್ಲಿ. ಅವರಿಂದ ಯಂತ್ರ, ಎಣ್ಣೆ, ಯುದ್ಧವಿಮಾನ ಬಂದವು. ಭಿಲಾಯಿಯ ಉಕ್ಕಿನ ಕಾರ್ಖಾನೆ ಬಂತು. ನಮ್ಮಿಂದ ಚಹ, ಕಾಫಿ, ಮೆಣಸು, ಬಟ್ಟೆ, ಚರ್ಮ ಹೋದವು. ಆನೆಯ ಚಿತ್ರವಿದ್ದ ಭಾರತದ ಚಹದ ಪೊಟ್ಟಣವನ್ನು ಆ ದೇಶದ ಹಿರಿಯರು ಇಂದಿಗೂ ನೆನಸಿಕೊಳ್ಳುತ್ತಾರೆ. 1980ರ ದಶಕದ ಕೊನೆಯಲ್ಲಿ ಭಾರತ ಹೊರಕ್ಕೆ ಕಳುಹಿಸುತ್ತಿದ್ದ ಚಹದಲ್ಲಿ ಸುಮಾರು ಅರ್ಧ ಪಾಲು ಸೋವಿಯತ್ ದೇಶವೊಂದಕ್ಕೇ ಹೋಗುತ್ತಿತ್ತು. 1963ರಲ್ಲಿ ಆರಂಭವಾದ ಕೂನೂರಿನ ಹರಾಜಿನಲ್ಲಿ ರಶ್ಯದ ಕೊಳ್ಳುವವರು ಕೈ ಎತ್ತಿದರೆ ಬೆಲೆ ಏರುತ್ತಿತ್ತು, ಸುಮ್ಮನಿದ್ದರೆ ಇಳಿಯುತ್ತಿತ್ತು.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಬೇಕು. ಹೇಗಿದ್ದರೂ ಕೊಳ್ಳುವ ಗಿರಾಕಿ ಇದ್ದಾನೆಂದು ನಮ್ಮ ಕಡೆ ಗುಣ ಕೆಟ್ಟಿತು. ಎರಡೆಲೆ ಒಂದು ಮೊಗ್ಗು ಎಂಬುದು ಬೋರ್ಡಿನ ಮೇಲೆ ಉಳಿಯಿತು. ಚೀಲಕ್ಕೆ ಬಿದ್ದದ್ದು ಬಲಿತ ಎಲೆ. ತಪ್ಪು ಕೀಳುವ ಕೈಯದೆಂದು ದೊರೆಗಳು ಹೇಳಿದರು. ಆದರೆ ಕಿಲೋ ಹೆಚ್ಚಿದರೆ ಹೆಚ್ಚು ಕಾಸು ಎಂದು ಲೆಕ್ಕವಿಟ್ಟವರು ಯಾರು? ಹರಾಜಿನ ಕೋಣೆಯಲ್ಲಿ ನಮ್ಮ ಕೈ ಎಂದೂ ಮೇಲೆದ್ದಿಲ್ಲ.

1991ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟ ಒಡೆದು ಹದಿನೈದು ದೇಶಗಳಾಯಿತು. ಅಂದೇ ನಮ್ಮ ತಲೆ ಮೇಲೆ ಮಾಡು ಬೀಳಲಿಲ್ಲ. 1993ರ ಜನವರಿಯಲ್ಲಿ ಯೆಲ್ತ್ಸಿನ್ ಅವರು ದಿಲ್ಲಿಗೆ ಬಂದಾಗ ಹಳೆಯ ಸಾಲದ ತೀರ್ಮಾನವಾಯಿತು; ಭಾರತ ಸಾಲ ತೀರಿಸುವ ರೂಪಾಯಿಯಿಂದಲೇ ರಶ್ಯ ನಮ್ಮ ಚಹವನ್ನು ಕೊಳ್ಳುತ್ತಾ ಬಂತು. ಹೀಗೆ ಕೆಲವು ವರ್ಷ ಉಸಿರು ನಡೆಯಿತು. 1998ರಲ್ಲಿ ಚಹಕ್ಕೆ ಒಳ್ಳೆಯ ಬೆಲೆಯೂ ಬಂತು. ಅದೇ ವರ್ಷದ ಆಗಸ್ಟ್ 17ರಂದು ರಶ್ಯ ಸರಕಾರ ತನ್ನ ನಾಣ್ಯವನ್ನು ಹಿಡಿದು ನಿಲ್ಲಿಸಲಾರದೆ ಕೈಬಿಟ್ಟಿತು. ಒಂದು ಡಾಲರಿಗೆ ಆರು ರೂಬಲ್ ಇದ್ದದ್ದು ವರ್ಷ ಮುಗಿಯುವಷ್ಟರಲ್ಲಿ ಇಪ್ಪತ್ತನ್ನು ದಾಟಿತು. ಕೊಳ್ಳುವವನ ಜೇಬು ಬರಿದಾದಾಗ ಮಾರುವವನ ಗತಿಯೇನು? ಜೊತೆಗೆ ಅಗ್ಗದ ಹೊರದೇಶದ ಚಹ ಮಾರುಕಟ್ಟೆ ಹೊಕ್ಕಿತು. ಎರಡು ವರ್ಷದೊಳಗೆ ನೀಲಗಿರಿಯ ಸಣ್ಣ ಬೆಳೆಗಾರರ ಹಸಿರೆಲೆಗೆ ಕಿಲೋಗೆ ಐದಾರು ರೂಪಾಯಿಯೂ ಸಿಗುವುದು ಕಷ್ಟವಾಯಿತು. ಕೋತಗಿರಿ, ಕುಂದೆ ಕಡೆಯ ಬಡಗ ಬಂಧುಗಳು ರಸ್ತೆಗಿಳಿದರು. ಕೇರಳದ ಪೀರುಮೇಡಿನಲ್ಲಿ ತೋಟದ ಮೇಲೆ ತೋಟ ಬೀಗ ಹಾಕಿಕೊಂಡು, ಕೆಲಸಗಾರರು ಸಂಬಳವೂ ಗ್ರಾಚ್ಯುಟಿಯೂ ಇಲ್ಲದೆ ವರ್ಷಗಳನ್ನು ಕಳೆದರು. ನಮ್ಮ ಲೈನುಗಳಲ್ಲಿಯೂ ಮಸ್ಟರಿನಲ್ಲಿ ಹೆಸರು ಕಡಿಮೆಯಾದವು, ಪಿ.ಎಫ್. ಹಣ ಕಟ್ಟಿದ್ದಾರೋ ಇಲ್ಲವೋ ಎಂದು ಕೇಳಿದವರಿಗೆ "ಮಾರ್ಕೆಟ್ ಬಿದ್ದಿದೆ" ಎಂಬ ಒಂದೇ ಉತ್ತರ. ಮೊದಲು ಹೇಳಿದ ಆರಿದ ಒಲೆ ಇದೇ ಕಾಲದ್ದು.

ಮಾರ್ಕೆಟ್ ಬಿದ್ದದ್ದು ಸುಳ್ಳಲ್ಲ, ಅದನ್ನು ಒಪ್ಪುತ್ತೇವೆ. ನಮ್ಮ ದೂರು ಬೇರೆ. ಬಿದ್ದ ಬೆಲೆ ಅದೇ ವಾರ ಲೈನಿಗೆ ಇಳಿದು ಬರುತ್ತದೆ. ಏರಿದ ಬೆಲೆ ಆಫೀಸಿನ ಮೆಟ್ಟಿಲ ಮೇಲೆ ಕಾಲುನೋವು ಬಂದಂತೆ ಕೂತುಬಿಡುತ್ತದೆ. 2003ರಲ್ಲಿ ಕೇಂದ್ರ ಸರಕಾರ ಚಹ, ಕಾಫಿ, ರಬ್ಬರ್, ಹೊಗೆಸೊಪ್ಪಿನ ಸಣ್ಣ ಬೆಳೆಗಾರರಿಗಾಗಿ ಬೆಲೆ ಸ್ಥಿರತೆಯ ನಿಧಿಯೊಂದನ್ನು ಮಾಡಿತು. ಅದರಿಂದ ಅವರಿಗೆ ಎಷ್ಟು ಉಪಕಾರವಾಯಿತು ಎಂಬ ಚರ್ಚೆ ಬೇರೆ. ಎಲೆ ಕೀಳುವವಳಿಗೆ, ಗಿಡ ಕವಾತು ಮಾಡುವವನಿಗೆ ಅಂಥ ನಿಧಿ ಹೆಸರಿಗೂ ಇರಲಿಲ್ಲ. ದೂರದ ದೇಶದ ನಾಣ್ಯ ಕುಸಿದರೆ ಮೊದಲು ನಷ್ಟ ಹೊರುವವರಿಗೆ ಕೊನೆಗೂ ಆಸರೆಯಿಲ್ಲ.

ಈಗ ದೊಡ್ಡವರ ಸ್ನೇಹದ ಮಾತಿಗೆ ಬರೋಣ. ರಶ್ಯವೂ ಚೀನಾವೂ ಒಂದೇ ಕೆಂಪು ಬಾವುಟದ ದೇಶಗಳಾಗಿದ್ದಾಗಲೇ 1969ರ ಮಾರ್ಚಿನಲ್ಲಿ ಉಸ್ಸುರಿ ನದಿಯ ಒಂದು ಚಿಕ್ಕ ದ್ವೀಪಕ್ಕಾಗಿ ಗುಂಡು ಹಾರಿಸಿಕೊಂಡವು. ಮೂರು ವರ್ಷದಲ್ಲಿ, 1972ರಲ್ಲಿ, ಅಮೆರಿಕದ ಅಧ್ಯಕ್ಷ ನಿಕ್ಸನ್ ಪೀಕಿಂಗಿಗೆ ಹೋಗಿ ಮಾವೋ ಅವರ ಕೈ ಕುಲುಕಿದರು. ರಶ್ಯವನ್ನು ಕಟ್ಟಿಹಾಕಲು ಅಮೆರಿಕಕ್ಕೆ ಚೀನಾ ಬೇಕಾಗಿತ್ತು. ಆ ಭೇಟಿಯ ಸಿದ್ಧತೆ ಗುಟ್ಟಾಗಿ ನಡೆಯುತ್ತಿದ್ದ 1971ರಲ್ಲೇ, ಆಗಸ್ಟ್ 9ರಂದು, ಭಾರತವು ರಶ್ಯದೊಂದಿಗೆ ಸ್ನೇಹದ ಒಪ್ಪಂದಕ್ಕೆ ಸಹಿ ಹಾಕಿತು. ಐವತ್ತು ವರ್ಷ ಕಳೆಯಿತು, ಹಾಸುಮಣೆ ತಿರುಗಿತು. 2022ರ ಫೆಬ್ರವರಿ 4ರಂದು ರಶ್ಯದ ಪುಟಿನ್ ಅವರೂ ಚೀನಾದ ಷಿ ಅವರೂ ತಮ್ಮ ಸ್ನೇಹಕ್ಕೆ ಮೇರೆಯೇ ಇಲ್ಲವೆಂದು ಸಾರಿದರು. ಇಪ್ಪತ್ತು ದಿನಕ್ಕೆ ರಶ್ಯದ ಸೇನೆ ಯುಕ್ರೇನಿನೊಳಕ್ಕೆ ನುಗ್ಗಿತು. ಹಿಂದೆ ಅಮೆರಿಕ ಚೀನಾವನ್ನು ಒಲಿಸಿ ರಶ್ಯವನ್ನು ಒಂಟಿ ಮಾಡಿದ ಆಟವೇ ಮಗುಚಿಬಿದ್ದದ್ದನ್ನು ಜಗತ್ತು ನೋಡಿತು.

ಇವರ ಜಗಳ ನಮ್ಮ ಲೈನಿನ ಗೋಡೆಯನ್ನೂ ಸೀಳಿದ್ದುಂಟು. 1964ರಲ್ಲಿ ನಮ್ಮ ದೇಶದ ಕಮ್ಯೂನಿಸ್ಟ್ ಪಕ್ಷ ಎರಡಾಯಿತು; ಮಾಸ್ಕೋ-ಪೀಕಿಂಗ್ ವ್ಯಾಜ್ಯವೊಂದೇ ಅದಕ್ಕೆ ಕಾರಣವಲ್ಲವಾದರೂ ಅದೂ ಒಂದು ಕಾರಣ. 1970ರಲ್ಲಿ ಸಂಘವೂ ಎರಡಾಗಿ ಸಿಐಟಿಯು ಬೇರೆ ನಿಂತಿತು. ಒಂದೇ ಲೈನಿನಲ್ಲಿ ಒಂದೇ ನಲ್ಲಿಯ ನೀರು ಹಿಡಿಯುತ್ತಿದ್ದ ಅಣ್ಣತಮ್ಮಂದಿರು ಎರಡು ರಸೀದಿ ಪುಸ್ತಕ ಹಿಡಿದು ಮುಖ ತಿರುಗಿಸಿಕೊಂಡು ನಡೆದದ್ದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಮುಂದೆ 1989ರ ಮೇ ತಿಂಗಳಲ್ಲಿ ಗೊರ್ಬಚೇವ್ ಅವರು ಪೀಕಿಂಗಿಗೆ ಹೋಗಿ ರಾಜಿಯಾದರು. ನಮ್ಮ ಎರಡು ರಸೀದಿ ಪುಸ್ತಕ ಮಾತ್ರ ಎರಡಾಗಿಯೇ ಉಳಿದವು.

ಯುಕ್ರೇನಿನ ಯುದ್ಧದ ವಿಷಯದಲ್ಲಿ ನಮ್ಮ ಅಭಿಪ್ರಾಯ ಮುಚ್ಚಿಡುವುದಿಲ್ಲ. ನೆರೆಯವನ ಅಂಗಳಕ್ಕೆ ಟ್ಯಾಂಕಿ ನುಗ್ಗಿಸುವುದು ಅನ್ಯಾಯ, ಅದನ್ನು ಯಾವ ಹಳೆಯ ಸ್ನೇಹಿತ ಮಾಡಿದರೂ ಅನ್ಯಾಯವೇ. 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 141 ದೇಶಗಳು ಹಾಗೆಂದು ಮತ ಹಾಕಿದವು. ಐದು ದೇಶಗಳು ವಿರೋಧಿಸಿದವು. 35 ದೇಶಗಳು ಯಾವ ಕಡೆಗೂ ಸೇರದೆ ಉಳಿದವು, ಅವುಗಳಲ್ಲಿ ಭಾರತವೂ ಒಂದು. ಮತ ಹಾಕದ್ದಕ್ಕೆ ದಿಲ್ಲಿಗೆ ಕಾರಣಗಳಿದ್ದವು ಎಂಬುದನ್ನು ಬಲ್ಲೆವು. ನಮ್ಮ ಸೇನೆಯ ಆಯುಧ ಬಹುಪಾಲು ರಶ್ಯದ್ದು. 2020ರ ಜೂನಿನಲ್ಲಿ ಗಲ್ವಾನಿನಲ್ಲಿ ನಮ್ಮ ಇಪ್ಪತ್ತು ಯೋಧರನ್ನು ಕಳೆದುಕೊಂಡ ಮೇಲೆ ರಶ್ಯವನ್ನು ಚೀನಾದ ತೋಳಿಗೆ ಪೂರ್ತಿ ತಳ್ಳಿಬಿಡುವುದು ಜಾಣತನವಲ್ಲವೆಂದೂ ಅವರ ಲೆಕ್ಕ. ಲೆಕ್ಕ ಸರಿಯಿರಬಹುದು. ಆದರೆ ಲೆಕ್ಕವನ್ನು ಲೆಕ್ಕವೆಂದೇ ಕರೆಯೋಣ, ಅದಕ್ಕೆ ಧರ್ಮದ ಅಂಗಿ ತೊಡಿಸುವುದು ಬೇಡ. ಪಶ್ಚಿಮದವರೂ ಇರಾಕಿನ ಮೇಲೆ 2003ರಲ್ಲಿ ಹೋದಾಗ ಇದೇ ಅಂಗಿ ತೊಟ್ಟಿದ್ದರು.

ಯುದ್ಧಕ್ಕೆ ಮೊದಲು ನಾವು ಕೊಳ್ಳುತ್ತಿದ್ದ ಕಚ್ಚಾ ಎಣ್ಣೆಯಲ್ಲಿ ರಶ್ಯದ ಪಾಲು ನೂರಕ್ಕೆ ಎರಡೂ ಇರಲಿಲ್ಲ. 2023ರಲ್ಲಿ ಅದು ಮೂರನೆಯ ಒಂದು ಪಾಲನ್ನು ಮೀರಿತು. ಎಣ್ಣೆ ಅಗ್ಗಕ್ಕೆ ಬಂತು. ಆದರೆ ಮೇಪ್ಪಾಡಿಯಿಂದಾಗಲಿ ಗೂಡಲೂರಿನಿಂದಾಗಲಿ ಬಸ್ ಹತ್ತುವ ನಮಗೆ ಟಿಕೆಟ್ಟು ಅಗ್ಗವಾದದ್ದು ನೆನಪಿಲ್ಲ. ಅದೇ ಎಣ್ಣೆಯ ನೆಪದಲ್ಲಿ 2025ರ ಆಗಸ್ಟಿನಲ್ಲಿ ಅಮೆರಿಕ ನಮ್ಮ ಸರಕಿನ ಮೇಲೆ ಇನ್ನೂ 25 ಶೇಕಡ ಸುಂಕ ಹೇರಿ ಒಟ್ಟು 50 ಮಾಡಿತು. ಅಗ್ಗದ ಎಣ್ಣೆಯ ಲಾಭ ಒಬ್ಬರಿಗೆ, ಸುಂಕದ ಪೆಟ್ಟು ಬಟ್ಟೆ ಹೊಲಿಯುವ, ಸೀಗಡಿ ಸುಲಿಯುವ ಹೆಣ್ಣುಮಕ್ಕಳಿಗೆ.

ಇರಾನಿನ ಕಥೆಯೂ ಹೀಗೆಯೇ. ಅವರು ನಮ್ಮ ಆರ್ಥೊಡಾಕ್ಸ್ ಚಹದ ದೊಡ್ಡ ಗಿರಾಕಿ. ಅವರ ಎಣ್ಣೆಗೆ ನಾವು ಕೊಟ್ಟ ರೂಪಾಯಿ ಇಲ್ಲಿಯ ಬ್ಯಾಂಕಿನಲ್ಲೇ ಇರುತ್ತಿತ್ತು, ಅದರಿಂದ ಅವರು ಚಹ ಕೊಳ್ಳುತ್ತಿದ್ದರು. 2019ರ ಮೇ ತಿಂಗಳಲ್ಲಿ ಅಮೆರಿಕದ ಒತ್ತಡಕ್ಕೆ ಭಾರತ ಇರಾನಿನ ಎಣ್ಣೆ ನಿಲ್ಲಿಸಿತು; ರೂಪಾಯಿಯ ತೊಟ್ಟಿ ಬತ್ತುತ್ತಾ ಬಂತು. ಸಿಂಹಳದವರು ಬೇರೆ ದಾರಿ ಹಿಡಿದರು. ಇರಾನಿಗೆ ಕೊಡಬೇಕಾಗಿದ್ದ 25 ಕೋಟಿ ಡಾಲರಿನ ಎಣ್ಣೆಸಾಲವನ್ನು ತಿಂಗಳಿಗೆ 50 ಲಕ್ಷ ಡಾಲರಿನ ಚಹ ಕೊಟ್ಟು ತೀರಿಸುವುದಾಗಿ 2021ರ ಡಿಸೆಂಬರಿನಲ್ಲಿ ಒಪ್ಪಿಕೊಂಡರು. ಅಲ್ಲಿಯ ಬೆಟ್ಟದ ಮೇಲೆ ಎಲೆ ಕೀಳುವ ತಾಯಂದಿರಲ್ಲಿ ಎಷ್ಟು ಮಂದಿಗೆ ತಾವು ದೇಶದ ಎಣ್ಣೆಸಾಲ ತೀರಿಸುತ್ತಿದ್ದೇವೆಂದು ತಿಳಿದಿತ್ತೋ! ಅವರ ನೆಂಟರೇ ನಮ್ಮ ನೆರೆಮನೆಯವರು. 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದಲ್ಲಿ 5,25,000 ಜನರನ್ನು ಭಾರತದ ಪಾಲು, 3,00,000 ಜನರನ್ನು ಸಿಂಹಳದ ಪಾಲು ಎಂದು ಎಣಿಸಿ ಹಂಚಿದಾಗಲೂ ಅವರನ್ನು ಕೇಳಿದವರಿರಲಿಲ್ಲ.

ಇಷ್ಟೆಲ್ಲ ಬರೆದದ್ದು ಚಹಕ್ಕಾಗಿ ಮಾತ್ರವಲ್ಲ. ನಮ್ಮ ಹೆದರಿಕೆ ಈಗ ಬೇರೆ. ಎಲೆಯಿಂದ ಹೊಟ್ಟೆ ತುಂಬದೆಂದು ನಮ್ಮ ಮಕ್ಕಳು ತೋಟ ಬಿಟ್ಟು ಕೊಯಮುತ್ತೂರಿಗೆ, ಬೆಂಗಳೂರಿಗೆ, ಗಲ್ಫಿಗೆ ಹೋಗುತ್ತಿದ್ದಾರೆ. 2023-24ರಲ್ಲಿ ಕೆಲವು ಏಜೆಂಟರು ನಮ್ಮ ದೇಶದ ಹುಡುಗರಿಗೆ ರಶ್ಯದಲ್ಲಿ ಸಹಾಯಕನ ಕೆಲಸ, ಕಾವಲಿನ ಕೆಲಸ ಎಂದು ಆಸೆ ತೋರಿಸಿ ಕರೆದೊಯ್ದರು. ಅಲ್ಲಿ ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಿಸಿದರು; ಸಹಿ ಹಾಕಿದ ಮೇಲೆ ಕೈಗೆ ಬಂದೂಕು ಬಂತು. ಕಲಬುರಗಿ ಕಡೆಯ ಹುಡುಗರಿದ್ದರು, ತೆಲಂಗಾಣದವರಿದ್ದರು, ಕೇರಳದವರಿದ್ದರು. ಪ್ರಧಾನಿಯವರು 2024ರ ಜುಲೈಯಲ್ಲಿ ಮಾಸ್ಕೋಗೆ ಹೋದಾಗ ಈ ಮಾತು ಎತ್ತಬೇಕಾಯಿತು. 2025ರ ಜನವರಿಯಲ್ಲಿ ವಿದೇಶಾಂಗ ಇಲಾಖೆ ಕೊಟ್ಟ ಲೆಕ್ಕದಂತೆ ಅಂಥವರು 126 ಮಂದಿ. 96 ಮಂದಿ ಮನೆಗೆ ಮರಳಿದ್ದರು, 12 ಮಂದಿ ಸತ್ತಿದ್ದರು, 16 ಮಂದಿಯ ಸುಳಿವೇ ಇರಲಿಲ್ಲ. ಯಾರದೋ ಗಡಿಗಾಗಿ, ಯಾರದೋ ಹಟಕ್ಕಾಗಿ, ಹೆಸರು ಕೂಡ ಗೊತ್ತಿಲ್ಲದ ಹೊಲದಲ್ಲಿ ಬಡವರ ಮಕ್ಕಳು ಮಣ್ಣಾದರು. ಮೊಬೈಲಿನಲ್ಲಿ ಆ ಯುದ್ಧದ ಚಿತ್ರ ನೋಡಿ ಪುಟಿನ್ ಗೆದ್ದ, ಅಮೆರಿಕ ಸೋತಿತು ಎಂದು ಚಪ್ಪಾಳೆ ತಟ್ಟುವ ನಮ್ಮ ಹುಡುಗರು ಈ ಲೆಕ್ಕವನ್ನೂ ಒಮ್ಮೆ ನೋಡಲಿ.

ಆದುದರಿಂದ ನಮ್ಮ ಬೇಡಿಕೆ ಎರಡು. ರಶ್ಯದೊಂದಿಗೋ ಇರಾನಿನೊಂದಿಗೋ ರೂಪಾಯಿಯಲ್ಲಿ ವ್ಯಾಪಾರ ಮಾಡಲು ಹೊಸ ಒಪ್ಪಂದ ಬಂದಾಗ, ಆ ಗಿರಾಕಿ ಹಠಾತ್ತನೆ ನಿಂತರೆ ಕೆಲಸಗಾರನ ಕೂಲಿಗೆ ಆಸರೆ ಏನೆಂದು ಅದರ ಜೊತೆಯಲ್ಲೇ ಬರೆಯಬೇಕು. ಸಣ್ಣ ಬೆಳೆಗಾರನಿಗೆ 2003ರಲ್ಲಿ ಮಾಡಬಹುದಾದದ್ದನ್ನು ಕೂಲಿಯವಳಿಗೂ ಮಾಡಬಹುದು. ಮುಂದಿನ ಕೂಲಿ ಮಾತುಕತೆಗೆ ಹೋಗುವ ಪ್ರತಿನಿಧಿಗಳು, ಯಾವ ಬಣ್ಣದ ರಸೀದಿಯವರಾದರೂ ಸರಿ, ಇದನ್ನು ಒಟ್ಟಾಗಿ ಕೇಳಲಿ. ಹರಾಜಿನ ಬೆಲೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದೇ ಹೋಗಲಿ.

ಎರಡನೆಯದು ಮನೆಯವರಿಗೆ. ಹೊರದೇಶದ ಕೆಲಸವೆಂದು ಯಾರಾದರೂ ಲೈನಿಗೆ ಬಂದರೆ, ಅವನು ಸರಕಾರದಲ್ಲಿ ನೋಂದಾಯಿಸಿದ ಏಜೆಂಟನೋ ಎಂದು ಮೊದಲು ಕೇಳಿರಿ. 1983ರ ಕಾನೂನಿನಂತೆ ನೋಂದಣಿ ಇಲ್ಲದವನು ಜನರನ್ನು ಕಳುಹಿಸುವಂತಿಲ್ಲ. ಪಾಸ್‌ಪೋರ್ಟನ್ನು ಅವನ ಕೈಗೆ ಬಿಡಬೇಡಿ. ಕಾಗದ ಕೊಟ್ಟರೆ ಸಹಿ ಹಾಕದೆ ಕೂಟಕ್ಕೆ ತನ್ನಿರಿ. ಕನ್ನಡ, ತಮಿಳು, ಮಲಯಾಳ, ಇಂಗ್ಲಿಷ್ ಯಾವುದಿದ್ದರೂ ಓದಿ ಹೇಳಬಲ್ಲವರು ನಮ್ಮಲ್ಲಿದ್ದಾರೆ. ರಶ್ಯನ್ ಓದಬಲ್ಲವರು ಇಲ್ಲ. ಹಾಗಿದ್ದಲ್ಲಿ ಆ ಕಾಗದವನ್ನು ಕೊಟ್ಟವನಿಗೇ ಹಿಂದಿರುಗಿಸಿರಿ.