ಕಾಣದ ಮಿಂಚಿಗೆ ಎಲ್‌ಸಿ ತಗೊಂಡ್ರಾ?

ಹೋದ ಬೇಸಿಗೆಯಲ್ಲಿ ನಮ್ಮ ಬಡಾವಣೆಯ ಗೇಟಿಗೆ ಕಣ್ಣು ಬಂತು. ಮದ್ರಾಸ್ ಐ ಅಲ್ಲ, ಕ್ಯಾಮೆರಾ. ಗಾಡಿಯ ನಂಬರ್ ಪ್ಲೇಟ್ ಓದಿ, ನಮ್ಮವರದಾದರೆ ತಾನಾಗಿ ಅಡ್ಡಗಂಬ ಎತ್ತುವ ಏರ್ಪಾಡು. ಸಂಘದ ಸಭೆಯಲ್ಲಿ ಎರಡು ಗಂಟೆ ಚರ್ಚೆ ನಡೆದದ್ದು ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎನ್ನುವುದರ ಮೇಲೆ. ಅದರ ಪಕ್ಕದಲ್ಲಿ ಕೂರುವ ದೀಪದ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ಕೊಟೇಶನ್‌ನಲ್ಲೂ ಅದು ಕೊನೆಯ ಸಾಲು: ‘ಐಆರ್ ಲೈಟ್, 1 ನಂಬರ್’. ಮುಂದಿನ ಎರಡು ತಿಂಗಳು ನಮ್ಮನ್ನು ಕಾಡಿದ್ದು ಆ ಕೊನೆಯ ಸಾಲೇ.

ಹಾಕಲು ಬಂದವನು ಇಪ್ಪತ್ತು ದಾಟಿರದ ಹುಡುಗ. ಸಂಜೆ ಏಳರ ಹೊತ್ತಿಗೆ ಏಣಿಯ ಮೇಲೆ ನಿಂತು, ದೀಪದ ಗಾಜಿಗೆ ಒಂದು ಗೇಣು ದೂರದಲ್ಲಿ ಕಣ್ಣಿಟ್ಟು ಇಣುಕುತ್ತಿದ್ದ. "ಆನ್ ಆಗಿದ್ಯೋ ಇಲ್ವೋ ಗೊತ್ತಾಗ್ತಿಲ್ಲ ಸಾರ್" ಅಂದ. ನನ್ನ ಪಕ್ಕದಲ್ಲಿ ಎದುರುಮನೆಯ ಯಜಮಾನರು ನಿಂತಿದ್ದರು. ಮೂವತ್ತು ವರ್ಷಕ್ಕೂ ಮೇಲೆ ಲೈನ್‌ಮನ್ ಆಗಿದ್ದು ನಿವೃತ್ತರಾದವರು.

"ಲೇ ಮರಿ, ಮೊದ್ಲು ಕೆಳಗಿಳಿ. ಎಲ್‌ಸಿ ತಗೊಂಡಿದ್ದೀಯಾ?"

"ಎಲ್‌ಐಸಿನಾ ಅಂಕಲ್?"

"ಎಲ್‌ಸಿ ಇಲ್ದೆ ಕಂಬ ಹತ್ತಿದ್ರೆ ಎಲ್‌ಐಸಿನೇ ಗತಿ ಕಣಪ್ಪಾ!"

ಎಲ್‌ಸಿ ಅಂದರೆ ಲೈನ್ ಕ್ಲಿಯರ್. ಈ ತಂತಿಯಲ್ಲಿ ಈಗ ಕರೆಂಟ್ ಇಲ್ಲ, ನೀನು ಕೆಲಸ ಮುಗಿಸಿ ಹೇಳುವ ತನಕ ಯಾರೂ ಕೊಡುವುದೂ ಇಲ್ಲ ಎಂಬ ಮಾತಿನ ಪತ್ರ. ಹಳೆಯ ಲೈನ್‌ಮನ್‌ಗಳಿಗೆ ಅದೂ ಸಾಲದು. ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೇ ಕಂಬ ಹತ್ತುತ್ತಿದ್ದರು. ನಮ್ಮ ಯಜಮಾನರು ಕಾವಲುಗಾರನ ಕೋಣೆಗೆ ಹೋಗಿ, ಗೋಡೆಯ ಮೇಲಿನ ಪಿಂಗಾಣಿ ಫ್ಯೂಸ್ ಕಿತ್ತು ತಮ್ಮ ಅಂಗಿಯ ಜೇಬಿಗೆ ಇಳಿಸಿಯೇ ಮುಂದಿನ ಮಾತಾಡಿದ್ದು.

ಕಣ್ಣಿನ ವಿಷಯ ಮೊದಲು. ಕೆಂಪು ಬಣ್ಣದ ಆಚೆ ಕಣ್ಣಿಗೆ ಕಾಣದ ಬೆಳಕೊಂದಿದೆ ಎಂದು 1800ರಲ್ಲಿ ವಿಲಿಯಂ ಹರ್ಷೆಲ್ ಕಂಡುಕೊಂಡದ್ದು ಥರ್ಮಾಮೀಟರ್ ಇಟ್ಟು. ಕಾಣದ ಜಾಗದಲ್ಲಿ ಪಾದರಸ ಏರಿತು. ಐಆರ್, ಅಂದರೆ ಅವಗೆಂಪಿನ ಗುಣವೇ ಅದು: ಕಾಣುವುದಿಲ್ಲ, ಆದರೆ ಬಿಸಿ ಮಾಡುತ್ತದೆ. ಕ್ಯಾಮೆರಾ ದೀಪಗಳಲ್ಲಿ ಸಾಮಾನ್ಯವಾಗಿ 850 ಅಥವಾ 940 ನ್ಯಾನೊಮೀಟರ್ ತರಂಗಾಂತರದ ಎಲ್‌ಇಡಿಗಳಿರುತ್ತವೆ. 850ರದ್ದು ಕತ್ತಲಲ್ಲಿ ಆರಿಹೋಗುತ್ತಿರುವ ಕೆಂಡದಷ್ಟು ಮಂದವಾಗಿ ಕೆಂಪಗೆ ಕಾಣುತ್ತದೆ, 940ರದ್ದು ಕಾಣುವುದೇ ಇಲ್ಲ. ಮೋಸ ಇರುವುದು ಇಲ್ಲಿ. ಟಾರ್ಚನ್ನು ಮುಖಕ್ಕೆ ಹಿಡಿದರೆ ಕಾಲು ಸೆಕೆಂಡಿನೊಳಗೆ ರೆಪ್ಪೆ ಮುಚ್ಚುತ್ತದೆ, ಪಾಪೆ ಕಿರಿದಾಗುತ್ತದೆ. ಅವಗೆಂಪು ಬೆಳಕಿಗೆ ಈ ಎರಡೂ ಕಾವಲು ಎದ್ದೇಳುವುದಿಲ್ಲ. ಕತ್ತಲಿಗೆ ಅಗಲವಾಗಿ ತೆರೆದ ಪಾಪೆ ತೆರೆದೇ ಇರುತ್ತದೆ, ಬೆಳಕು ನೇರ ಅಕ್ಷಿಪಟಲದ ತನಕ ಹೋಗುತ್ತದೆ. ಗಾಜು ಊದುವ ಕುಲುಮೆಯವರಿಗೆ ವರ್ಷಗಟ್ಟಲೆ ಇಂಥ ಕಾವು ಬಡಿದು ಕಣ್ಣಿಗೆ ಪೊರೆ ಬರುತ್ತಿದ್ದುದು ವೈದ್ಯರಿಗೆ ಹಳೆಯ ಸಂಗತಿ.

ಗೇಟಿನ ದೀಪವೇನೂ ಕುಲುಮೆಯಲ್ಲ, ನಿಜ. ಹತ್ತು ಅಡಿ ಕೆಳಗೆ ಸ್ಕೂಟರಿನಲ್ಲಿ ಹಾಯುವವರು ಹೆದರಬೇಕಾದ್ದಿಲ್ಲ. ಗೇಣು ದೂರದಲ್ಲಿ ಕಣ್ಣಿಟ್ಟು ನಿಮಿಷಗಟ್ಟಲೆ ದಿಟ್ಟಿಸುವವನ ಕಥೆ ಬೇರೆ. ದೀಪಗಳ ಬೆಳಕಿನಿಂದ ಕಣ್ಣಿಗೂ ಚರ್ಮಕ್ಕೂ ಆಗಬಹುದಾದ ಅಪಾಯ ಅಳೆಯಲು ಐಇಸಿ 62471 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ನಮ್ಮಲ್ಲಿ ಅದೇ ಐಎಸ್ 16108. ಅಪಾಯವಿಲ್ಲದ್ದರಿಂದ ಹಿಡಿದು ಮೂರನೇ ಗುಂಪಿನವರೆಗೆ ನಾಲ್ಕು ದರ್ಜೆ. ದೀಪ ಯಾವ ದರ್ಜೆಯದು, ಎಷ್ಟು ದೂರದೊಳಗೆ ದಿಟ್ಟಿಸಬಾರದು ಎಂಬುದು ಒಳ್ಳೆಯ ಕಂಪನಿಯ ಡಬ್ಬಿಯಲ್ಲಿ ಬರುವ ಹಾಳೆಯಲ್ಲಿ ಇರುತ್ತದೆ. ನಮ್ಮ ಡಬ್ಬಿಯ ಹಾಳೆಯಲ್ಲಿ ಕಡಲೆಕಾಯಿ ಕಟ್ಟಿದ್ದರೇನೋ, ಸಿಗಲಿಲ್ಲ. ದೀಪ ಉರಿಯುತ್ತಿದೆಯೇ ಎಂದು ನೋಡಲು ಮೊಬೈಲ್ ಸಾಕು. ಸೆಲ್ಫಿ ಕ್ಯಾಮೆರಾ ಹಿಡಿದರೆ ಪರದೆಯ ಮೇಲೆ ನೇರಳೆ ಹೊಳಪು ಕಾಣುತ್ತದೆ. ಹಿಂದಿನ ಕ್ಯಾಮೆರಾಕ್ಕೆ ಸಾಮಾನ್ಯವಾಗಿ ಅವಗೆಂಪು ತಡೆಯುವ ಸೋಸುಗಾಜು ಇರುವುದರಿಂದ ಅದು ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಹುಡುಗನಿಗೆ ಇದನ್ನು ತೋರಿಸಿದಾಗ ಮ್ಯಾಜಿಕ್ ನೋಡಿದವನಂತೆ ಕಣ್ಣರಳಿಸಿದ. ಈ ಕೆಲಸಕ್ಕೆ ಅವನನ್ನು ಕಳಿಸಿದವರು ಇಷ್ಟನ್ನೂ ಹೇಳಿಕೊಟ್ಟಿರಲಿಲ್ಲ.

ಇನ್ನು ಈ ಜಾತಿಯ ದೀಪ ಸುಮ್ಮನೆ ಉರಿಯುವುದಲ್ಲ, ಮಿಡಿಯುವುದು. ಯಾಕೆಂದರೆ ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಕ್ಯಾಮೆರಾ ಸೆಕೆಂಡಿನ ಸಾವಿರದ ಒಂದು ಭಾಗ ಕಣ್ಣು ತೆರೆದರೂ ಅಷ್ಟರಲ್ಲಿ ಕಾರು ಎರಡೂ ಮುಕ್ಕಾಲು ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಕಾರಿನ ನಂಬರ್ ಪ್ಲೇಟಿನ ಅಕ್ಷರ 65 ಮಿಲಿಮೀಟರ್ ಎತ್ತರ, ಗೆರೆಯ ದಪ್ಪ 10 ಮಿಲಿಮೀಟರ್. ಗೆರೆಗಿಂತ ಜಾಸ್ತಿ ಸರಿದರೆ 3 ಯಾವುದು 8 ಯಾವುದು? ಎದುರಿಗೆ ಬರುವ ಗಾಡಿಯಲ್ಲಿ ಈ ಮಸುಕು ಸ್ವಲ್ಪ ಕಡಿಮೆ, ಓರೆಯಿಂದ ನೋಡಿದರೆ ಹೆಚ್ಚು. ಆದ್ದರಿಂದ ಕ್ಯಾಮೆರಾ ಇನ್ನೂ ಚುಟುಕಾಗಿ ಕಣ್ಣು ತೆರೆಯಬೇಕು, ಆ ಚುಟುಕು ಹೊತ್ತಿನಲ್ಲೇ ದೀಪ ತನ್ನ ಶಕ್ತಿಯನ್ನೆಲ್ಲ ಕಾರಬೇಕು. ಅರ್ಧ ಮಿಲಿಸೆಕೆಂಡಿನ ಮಿಡಿತ, ಸೆಕೆಂಡಿಗೆ 25 ಸಲ ಎಂದಿಟ್ಟುಕೊಳ್ಳಿ. ಒಟ್ಟು ಉರಿದದ್ದು ಸೆಕೆಂಡಿನ 80ರಲ್ಲಿ ಒಂದು ಪಾಲು. ಮಿಕ್ಕ 79 ಪಾಲು ವಿಶ್ರಾಂತಿ. ಆ ವಿಶ್ರಾಂತಿಯ ಬಲದಿಂದಲೇ ಎಲ್‌ಇಡಿ, ಸದಾ ಉರಿಯುವಾಗ ತಡೆಯಲಾರದಷ್ಟು ಕರೆಂಟನ್ನು ಆ ಕ್ಷಣಕ್ಕೆ ತಡೆದುಕೊಳ್ಳುತ್ತದೆ.

ವೈರಿಂಗಿನ ತಪ್ಪೆಲ್ಲ ಈ ಲೆಕ್ಕ ಅರ್ಥವಾಗದೇ ಹುಟ್ಟುವುದು. ಮಿಡಿತದ ಕ್ಷಣದಲ್ಲಿ ದೀಪ 5 ಆಂಪಿಯರ್ ಎಳೆಯುತ್ತದೆ ಎನ್ನಿ. ಸರಾಸರಿ ತೆಗೆದರೆ 60 ಚಿಲ್ಲರೆ ಮಿಲಿಆಂಪಿಯರ್. ಮಲ್ಟಿಮೀಟರ್ ತೋರಿಸುವುದು ಆ ಸರಾಸರಿಯನ್ನು. ಅದನ್ನು ನಂಬಿದವನು ಕಾಲಿಂಗ್ ಬೆಲ್ಲಿನ ವೈರು ಸಾಕು ಅನ್ನುತ್ತಾನೆ. 30 ಮೀಟರ್ ದೂರಕ್ಕೆ 0.75 ಚದರ ಮಿಲಿಮೀಟರ್ ತಾಮ್ರದ ವೈರು ಎಳೆದರೆ ಹೋಗಿ ಬರುವ ದಾರಿಯ ರೋಧ ಸುಮಾರು ಒಂದೂವರೆ ಓಮ್. 5 ಆಂಪಿಯರ್ ಹರಿದರೆ 24 ವೋಲ್ಟಿನಲ್ಲಿ ಏಳು ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಕರಗಿಹೋಯಿತು. 2.5 ಚದರ ಮಿಲಿಮೀಟರ್ ವೈರಾದರೆ ಎರಡು ವೋಲ್ಟಿನ ಚಿಲ್ಲರೆಗೆ ಮುಗಿಯುತ್ತದೆ. ಕೆಲವು ದೀಪಗಳ ಒಳಗೇ ಕೆಪಾಸಿಟರ್ ಇದ್ದು, ವಿಶ್ರಾಂತಿಯಲ್ಲಿ ನಿಧಾನ ತುಂಬಿಕೊಂಡು ಮಿಡಿತಕ್ಕೆ ಒಮ್ಮೆಲೇ ಸುರಿಯುತ್ತವೆ. ಮಾಳಿಗೆಯ ತೊಟ್ಟಿ ಇದ್ದ ಮನೆಗೆ ಸಣ್ಣ ನಲ್ಲಿಯೂ ಸಾಕಲ್ಲವೇ, ಹಾಗೆ. ಆದರೆ ತೊಟ್ಟಿ ಇದ್ದಲ್ಲಿ ಇನ್ನೊಂದು ಎಚ್ಚರ ಬೇಕು: ಸ್ವಿಚ್ ಆರಿಸಿದ ಮೇಲೂ ತೊಟ್ಟಿ ಖಾಲಿಯಾಗಿರುವುದಿಲ್ಲ. ಹಳೆಯ ಡಬ್ಬಾ ಟೀವಿ ಬಿಚ್ಚಿ ಪೆಟ್ಟು ತಿಂದ ರಿಪೇರಿಯವರನ್ನು ಕೇಳಿ. ಕ್ಸೆನಾನ್ ಕೊಳವೆಯ ಫ್ಲ್ಯಾಶ್ ದೀಪಗಳಲ್ಲಂತೂ ಕೆಪಾಸಿಟರಿನೊಳಗೆ ನೂರಾರು ವೋಲ್ಟ್ ಕಾದು ಕೂತಿರುತ್ತದೆ.

ನಮ್ಮ ಗೇಟಿನಲ್ಲಿ ಆದದ್ದು ಇನ್ನೂ ತಮಾಷೆ. ಕೆಂಡದ ಹೊಳಪು ಕಾಣುತ್ತಿದೆ, ದೀಪ ಮುಟ್ಟಿದರೆ ಸುಡುತ್ತಿದೆ, ಪರದೆಯ ಮೇಲೆ ಮಾತ್ರ ಗಾಢ ಕತ್ತಲು. ಹುಡುಗ ಕ್ಯಾಮೆರಾದ ಸೆಟ್ಟಿಂಗ್ ಎಲ್ಲ ತಿರುವಿ ತಿರುವಿ ಸೋತ. ಯಜಮಾನರಿಗೆ ಕ್ಯಾಮೆರಾ ಗೊತ್ತಿಲ್ಲ, ತಂತಿ ಗೊತ್ತು. "ಬರೋ ಹೊತ್ಗೆ ಬರ್ದೆ, ಬರ್ಬಾರದ ಹೊತ್ಗೆ ಬರ್ತಾ ಇದೆ ಕಣೋ. ಪ್ಲಸ್ಸು ಮೈನಸ್ಸು ನೋಡು" ಅಂದರು. ರೋಗ ಹಿಡಿದೇಬಿಟ್ಟಿದ್ದರು. ಕ್ಯಾಮೆರಾದಿಂದ ದೀಪಕ್ಕೆ ‘ಈಗ’ ಎಂದು ಹೇಳಲು ಒಂದು ಸಣ್ಣ ತಂತಿ ಜೋಡಿ ಇರುತ್ತದೆ. ಹಲವು ಕ್ಯಾಮೆರಾಗಳು ‘ಈಗ’ ಎನ್ನಲು ವೋಲ್ಟೇಜನ್ನು ಕೆಳಗೆ ಎಳೆಯುತ್ತವೆ, ಹಲವು ದೀಪಗಳು ಮೇಲೇರುವುದನ್ನು ‘ಈಗ’ ಎಂದು ತಿಳಿಯುತ್ತವೆ. ಎರಡಕ್ಕೂ ತಾಳೆ ಹಾಕದೆ ಜೋಡಿಸಿದರೆ ಕ್ಯಾಮೆರಾ ಕಣ್ಣು ತೆರೆದಾಗ ದೀಪ ಆರಿ, ಮುಚ್ಚಿದಾಗಲೆಲ್ಲ ಉರಿಯುತ್ತದೆ. 80ರಲ್ಲಿ ಒಂದು ಪಾಲು ಉರಿಯಬೇಕಾದ್ದು 79 ಪಾಲು ಉರಿದರೆ ಸುಡದೆ ಏನು? ಒಳ್ಳೆಯ ದೀಪವಾದರೆ ಮಿಡಿತ ಮಿತಿ ಮೀರಿದೊಡನೆ ತಾನೇ ಆರಿಸಿಕೊಳ್ಳುತ್ತದೆ. ಅಗ್ಗದ್ದು ಬೆಂದು ಸಾಯುತ್ತದೆ. ಆ ಸಣ್ಣ ತಂತಿಯನ್ನು 230 ವೋಲ್ಟಿನ ತಂತಿಯ ಪೈಪಿನೊಳಗೇ ತೂರಿಸಿದ್ದ ನಮ್ಮ ಹುಡುಗ. ಮೊದಲನೆಯದಾಗಿ ಸುಳ್ಳು ಸಂಕೇತ, ಎರಡನೆಯದಾಗಿ ಎಲ್ಲಾದರೂ ಸಿಪ್ಪೆ ಸುಲಿದರೆ ಕಂಬ, ಕ್ಯಾಮೆರಾ, ಕೊನೆಗೆ ಕಾವಲುಗಾರನ ಕಂಪ್ಯೂಟರಿನವರೆಗೂ ಕರೆಂಟು. ಬೇಕಿದ್ದದ್ದು ಬೇರೆ ಪೈಪು, ಶೀಲ್ಡ್ ಇರುವ ಕೇಬಲ್, ನಡುವೆ ಸಂಕೇತವನ್ನಷ್ಟೇ ದಾಟಿಸಿ ಕರೆಂಟು ತಡೆಯುವ ಆಪ್ಟೋ ಐಸೊಲೇಟರ್. ಖರ್ಚು ದೊಡ್ಡದಲ್ಲ.

24 ವೋಲ್ಟಿನ ದೀಪ ತಾನೇ, ಏನಾಗುತ್ತೆ ಅನ್ನುವವರಿದ್ದಾರೆ. ಆ 24 ವೋಲ್ಟ್ ಬರುವುದು ಕಬ್ಬಿಣದ ಕಂಬದ ಬುಡದ ಡಬ್ಬಿಯಲ್ಲಿರುವ 230 ವೋಲ್ಟಿನಿಂದ. ಆ ಕಂಬಕ್ಕೇ ಮಕ್ಕಳು ಸೈಕಲ್ ಒರಗಿಸುತ್ತಾರೆ, ನಾಯಿಗಳು ಕಾಲೆತ್ತುತ್ತವೆ. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್ ಬದಿಯಲ್ಲಿ ಫುಟ್‌ಪಾತಿಗೆ ಬಿದ್ದಿದ್ದ ತಂತಿ ತುಳಿದು ತಾಯಿ, ಹಸುಗೂಸು ಇಬ್ಬರೂ ಸತ್ತ ಸುದ್ದಿ ಓದಿದ ದಿನದಿಂದ ಬೀದಿಯ ಯಾವ ಕಂಬವನ್ನೂ ನಾನು ಮುಟ್ಟುವುದಿಲ್ಲ. ಕಂಬಕ್ಕೆ ಸರಿಯಾದ ಅರ್ತಿಂಗ್, 30 ಮಿಲಿಆಂಪಿಯರ್ ಸೋರಿದರೆ ಕೆಳಗೆ ಬೀಳುವ ಆರ್‌ಸಿಸಿಬಿ, ಏಪ್ರಿಲ್ ಮೇ ತಿಂಗಳ ಸಿಡಿಲಿಗೆ ಸರ್ಜ್ ಅರೆಸ್ಟರ್, ಡಬ್ಬಿಯೊಳಗೆ ನೀರು ಜಾರದಂತೆ ಕೇಬಲ್ ಗ್ಲ್ಯಾಂಡು, ಅದರ ಕೆಳಗೆ ಹನಿ ತೊಟ್ಟಿಕ್ಕಲು ಕೇಬಲಿನದೊಂದು ಸಡಿಲ ಕುಣಿಕೆ. ಇವು ಯಾವುವೂ ನಮ್ಮ ಕೊಟೇಶನ್‌ನಲ್ಲಿ ಇರಲಿಲ್ಲ. ಮೆಗಾಪಿಕ್ಸೆಲ್ ಇತ್ತು.

ಸರಿ, ಎಲ್ಲ ಸರಿಪಡಿಸಿ ನಂಬರ್ ಓದತೊಡಗಿತು. ಆಗ ಸಂಘದ ಖಜಾಂಚಿಗೆ ಹೊಸ ಚಿಂತೆ: ಅವಗೆಂಪು ಬೆಳಕಿನಲ್ಲಿ ಚಿತ್ರ ಕಪ್ಪುಬಿಳುಪು, ಕಾರಿನ ಬಣ್ಣ ಗೊತ್ತಾಗುವುದಿಲ್ಲ. ಬಂತು ಬಿಳಿ ಮಿಂಚಿನ ದೀಪ, ಅದೂ ಸೆಕೆಂಡಿಗೆ 25 ಸಲ ಮಿಡಿಯುವಂಥದ್ದು. ಮೊದಲ ರಾತ್ರಿಯೇ ಗೇಟಿನ ಎದುರುಮನೆಯವರು ಕಿಟಕಿಗೆ ಬೆಡ್‌ಶೀಟ್ ಕಟ್ಟಿದರು. ಸ್ಕೂಟರಿನಲ್ಲಿ ಬಂದ ನನಗೆ ಗೇಟು ದಾಟಿ ಇಪ್ಪತ್ತು ಹೆಜ್ಜೆ ಹೋದರೂ ರಸ್ತೆ ಕಾಣಲಿಲ್ಲ.

ಇದು ಬರೀ ಕಿರಿಕಿರಿಯ ಮಾತಲ್ಲ. ಸೆಕೆಂಡಿಗೆ ಸುಮಾರು 3ರಿಂದ 30 ಸಲ ಮಿನುಗುವ ಬೆಳಕು, ಬೆಳಕಿಗೆ ಸೂಕ್ಷ್ಮವಾದ ಮೂರ್ಛೆರೋಗ ಇದ್ದವರಿಗೆ ಫಿಟ್ಸ್ ತರಬಲ್ಲದು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ದೃಶ್ಯದಲ್ಲಿ ಕೆಂಪು ನೀಲಿ ಬೆಳಕು ಸೆಕೆಂಡಿಗೆ ಹನ್ನೆರಡು ಸಲದ ಲೆಕ್ಕದಲ್ಲಿ ಮಿನುಗಿತು. ಆ ಸಂಜೆ 600ಕ್ಕೂ ಹೆಚ್ಚು ಜನರನ್ನು, ಹೆಚ್ಚಿನವರು ಮಕ್ಕಳು, ಆಸ್ಪತ್ರೆಗೆ ಒಯ್ಯಬೇಕಾಯಿತು. ಸಂಜೆ ಬಿಸಿಲಲ್ಲಿ ಸಾಲುಮರದ ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಬಿಸಿಲು ನೆರಳು ಕಣ್ಣಿಗೆ ಬಡಿಯುತ್ತದಲ್ಲ, ಅದೂ ಇದೇ ಜಾತಿಯದು. ಕ್ಯಾಮೆರಾದ ಸೆಕೆಂಡಿಗೆ 25 ಚಿತ್ರ ಎಂಬ ಲೆಕ್ಕ ಈ ಅಪಾಯದ ಪಟ್ಟಿಯ ಒಳಗೇ ಬಂದು ಬೀಳುತ್ತದೆ. ಬಿಳಿ ಬೆಳಕು ಬೇಕೇಬೇಕು ಅಂದರೆ ದಾರಿಗಳಿವೆ. ಗಾಡಿ ಬಂದಾಗ ಮಾತ್ರ ಒಂದೇ ಸಲ ಮಿಂಚಲಿ. ಇಲ್ಲವಾದರೆ ಚಿತ್ರ ಚಿತ್ರದ ನಡುವೆಯೂ ಸಮನಾಗಿ ಮಿಡಿತ ಸೇರಿಸಿ ಸೆಕೆಂಡಿಗೆ ನೂರು ದಾಟಿಸಲಿ, ಆಗ ಕಣ್ಣಿಗೆ ಅದು ನಿಂತ ಬೆಳಕೇ. ಹೊಳಪು ತಗ್ಗಿಸಿ, ಮುಖಕ್ಕಲ್ಲದೆ ಪ್ಲೇಟಿನ ಎತ್ತರಕ್ಕೆ ಗುರಿಯಿಡಲಿ. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಹುಲಿ ಎಣಿಸಲು ಕಾಡಿನ ದಾರಿಯಲ್ಲಿ ಇಟ್ಟ ಕ್ಯಾಮೆರಾಗಳು ಹುಲಿ ಹಾದಾಗ ಒಮ್ಮೆ ಫ್ಲ್ಯಾಶ್ ಹೊಡೆದು ಸುಮ್ಮನಾಗುತ್ತಿದ್ದವು. ಹುಲಿಗೆ ಕೊಟ್ಟ ಮರ್ಯಾದೆ ನಮಗೂ ಸಿಗಲಿ ಎಂಬುದಷ್ಟೇ ನನ್ನ ಬೇಡಿಕೆ.

ಹಾಗೆಂದು ಬೆಂಗಳೂರು–ಮೈಸೂರು ಹೆದ್ದಾರಿಯ ಕ್ಯಾಮೆರಾಗಳಿಗೆ ನಾನು ವಿರೋಧಿಯಲ್ಲ. 2023ರಲ್ಲಿ ಆ ರಸ್ತೆ ತೆರೆದ ಹೊಸತರಲ್ಲಿ ನಡೆದ ಅಪಘಾತಗಳನ್ನು ಮಂಡ್ಯ, ಮದ್ದೂರಿನ ಜನ ಮರೆತಿಲ್ಲ. ಇಂಥ ಉಪಕರಣಗಳಿಗೆಂದೇ 2021ರಲ್ಲಿ ಮೋಟಾರು ವಾಹನ ನಿಯಮಗಳಿಗೆ 167ಎ ಸೇರಿತು. ಕ್ಯಾಮೆರಾ ಇದೆ ಎಂಬ ಫಲಕ ಇರಬೇಕು, ಉಪಕರಣ ಸವಾರರ ನೋಟಕ್ಕೂ ಸಂಚಾರಕ್ಕೂ ಅಡ್ಡಿಯಾಗಬಾರದು ಎನ್ನುತ್ತದೆ ಅದು. ಕಂಬ ಅಡ್ಡ ಬಂದರೆ ಮಾತ್ರ ಅಡ್ಡಿಯೇ? ಕಣ್ಣು ಕೋರೈಸಿದರೂ ಅಡ್ಡಿಯೇ ಎಂಬುದು ನನ್ನ ವಾದ. ಪ್ರತಿ ಟೆಂಡರಿನಲ್ಲೂ ದೀಪದ ದರ್ಜೆ, ಮಿಡಿತದ ಲೆಕ್ಕ, ಕಂಬ ಹತ್ತುವವನಿಗೆ ಎಲ್‌ಸಿ ಕೊಡುವವರು ಯಾರು ಎಂಬ ಮೂರು ಸಾಲು ಹೆಚ್ಚಿಗೆ ಬರೆದರೆ ಕಾಗದವೇನೂ ಮುಗಿಯುವುದಿಲ್ಲ.

ನಮ್ಮ ಗೇಟಿನ ಬಿಳಿ ದೀಪಕ್ಕೆ ತೀರ್ಪು ಕೊಟ್ಟವರೂ ಯಜಮಾನರೇ. "ಅಡ್ಡಗಂಬದ ಮುಂದೆ ನಿಂತಿರೋ ಗಾಡಿಗೆ ಮಿಂಚು ಯಾಕ್ರೀ ಸಾರ್?" ಎಂದು ಸಭೆಯಲ್ಲಿ ಎದ್ದು ಕೇಳಿದರು. ಉತ್ತರ ಯಾರ ಬಳಿಯೂ ಇರಲಿಲ್ಲ. ಹೆಡ್‌ಲೈಟಿನ ಪ್ರಖರತೆ ಕೊಂದು ಪ್ಲೇಟನ್ನಷ್ಟೇ ಬೆಳಗಲು ಅವಗೆಂಪು ಮಿಡಿತ ಉಳಿಯಿತು, ಬಣ್ಣ ನೋಡಲು ಮೇಲೊಂದು ಸಾಧಾರಣ ಬೀದಿದೀಪ ಬಂತು. ಮಿಂಚಿನ ದೀಪ ಸಂಘದ ಬೀರುವಿನಲ್ಲಿದೆ.

ಈಗ ಉಳಿದಿರುವ ತಕರಾರು ಜೇಡದ್ದು. ಬೀದಿದೀಪಕ್ಕೆ ಹುಳು, ಹುಳುವಿಗೆ ಜೇಡ, ಕ್ಯಾಮೆರಾದ ಮುಂದೆ ಬಲೆ. ಅವಗೆಂಪು ಬೆಳಕಿನಲ್ಲಿ ಅದು ಪರದೆಯ ತುಂಬ ಬೆಳ್ಳಗೆ ಹೊಳೆಯುತ್ತದೆ. ಅದಕ್ಕೆ ವಾರಕ್ಕೊಮ್ಮೆ ಕಾವಲುಗಾರ ಏಣಿ ಹತ್ತಿ ಕಡ್ಡಿಪೊರಕೆ ಆಡಿಸುತ್ತಾನೆ. ಯಜಮಾನರಿಂದ ಕಲಿತವನು, ಫ್ಯೂಸ್ ಕೀಳದೆ ಹತ್ತುವುದಿಲ್ಲ. ಕಳೆದ ಶನಿವಾರ ಫ್ಯೂಸನ್ನು ಜೇಬಿನಲ್ಲಿಟ್ಟುಕೊಂಡೇ ಡ್ಯೂಟಿ ಮುಗಿಸಿ ಊರಿಗೆ ಹೋಗಿಬಿಟ್ಟ. ರಾತ್ರಿಯಿಡೀ ಅಡ್ಡಗಂಬವನ್ನು ನಾವೇ ಕೈಯಲ್ಲಿ ಎತ್ತಿ ಇಳಿಸಿದೆವು.